ಸಸ್ಯಾಹಾರಿಗೊಂದು ರಿವಾಲ್ವರ್

ಶಿವಪೂಜೆಯಲ್ಲಿ ಕರಡಿ ಬಿಟ್ಟ ಹಾಗೆ ಅನ್ನುವುದು ಮೈಸೂರಿನಲ್ಲಿ ಬರೀ ಮಾತು. ಅಲಾಸ್ಕಾದ ಆಂಕರೇಜ್‌ನಲ್ಲಿ ಅದು ಏಪ್ರಿಲ್‌ನಿಂದ ಅಕ್ಟೋಬರ್‌ವರೆಗಿನ ದಿನಚರಿ. ಕಸದ ಡಬ್ಬಿಯನ್ನು ಹಿಂದಿನ ರಾತ್ರಿಯೇ ಹೊರಗಿಟ್ಟರೆ ಬೆಳಗಿನ ಹೊತ್ತಿಗೆ ರಸ್ತೆಯಲ್ಲಿ ಬಿಸಿಬೇಳೆಬಾತಿನ ಸಂತರ್ಪಣೆ ಮುಗಿದಿರುತ್ತದೆ. ಈ ರಾಜ್ಯದಲ್ಲಿ ಕಂದು ಕರಡಿಗಳೇ ಸುಮಾರು 30,000 ಇವೆಯೆಂದು ಇಲ್ಲಿನ ಮೀನು ಮತ್ತು ವನ್ಯಜೀವಿ ಇಲಾಖೆಯ ಅಂದಾಜು. ಕಪ್ಪು ಕರಡಿಗಳದು ಲಕ್ಷದ ಲೆಕ್ಕ. ಕನ್ನಡಿಗರನ್ನೆಲ್ಲ ಸೇರಿಸಿದರೆ ಯುಗಾದಿ ಊಟಕ್ಕೆ ಒಂದು ಪಂಕ್ತಿ ಆದೀತು. ಬಹುಮತ ಯಾರದೆಂದು ಬೇರೆ ಹೇಳಬೇಕಿಲ್ಲ.

ಬೇಸಿಗೆ ಬಂತೆಂದರೆ ಈ ಊರಿನಲ್ಲಿ ಯಾರೂ ಮನೆಯಲ್ಲಿರುವುದಿಲ್ಲ. ಮೀನು ತಿನ್ನುವವರು ಹೊಳೆಗೆ, ತಿನ್ನದ ನಾವು ಬ್ಲೂಬೆರಿ ಪೊದೆಗೆ. ಸಸ್ಯಾಹಾರಿಗೆ ಅಪಾಯ ಕಡಿಮೆ ಎಂದುಕೊಳ್ಳಬೇಡಿ. ಆಗಸ್ಟ್‌ನಲ್ಲಿ ಪೊದೆಯ ಆಚೆ ಬದಿಯಿಂದ ಅದೇ ಹಣ್ಣು ಕೀಳುತ್ತಿರುವುದು ಕರಡಿಯೇ. “ರೀ, ಎಲ್ಲರ ಸೊಂಟದಲ್ಲೂ ಒಂದೊಂದು ರಿವಾಲ್ವರ್ ಇದೆ, ನಿಮ್ಮ ಸೊಂಟದಲ್ಲಿ ಮಜ್ಜಿಗೆ ಬಾಟಲಿ” ಎಂದು ನನ್ನಾಕೆ ಒಂದು ದಿನ ಅಂದಳು. ಅಲ್ಲಿಂದ ಶುರುವಾಯಿತು ನಮ್ಮ ಮನೆಯ ಆಯುಧ ಸಮಾಲೋಚನೆ.

ಮೊದಲು ಬಾಯಿ ಹಾಕಿದವನು ಹ್ಯೂಸ್ಟನ್‌ನ ಬಾಮೈದ. ಹಾಸನದಿಂದ ಟೆಕ್ಸಸ್‌ಗೆ ಹೋದವನು ಮೊದಲು ಬೂಟು ಕೊಂಡ, ಆಮೇಲೆ ಟೋಪಿ, ಆಮೇಲೆ ಅಭಿಪ್ರಾಯ. “ಭಾವ, ತಗೊಳ್ಳೋದಾದ್ರೆ .500 ತಗೊಳ್ಳಿ. ಮಿಕ್ಕಿದ್ದೆಲ್ಲ ಮಕ್ಕಳಾಟ” ಎಂದ. ಸ್ಮಿತ್ ಆಂಡ್ ವೆಸನ್ ಕಂಪನಿ 2003ರಲ್ಲಿ ಹೊರತಂದ ಈ .500 ಮ್ಯಾಗ್ನಮ್, ಉದ್ದ ನಳಿಗೆಯದಾದರೆ ಎರಡು ಕಿಲೋ ತೂಗುತ್ತದೆ. ತೋಟಾ ಎಷ್ಟು ದಪ್ಪವೆಂದರೆ ಸಿಲಿಂಡರಿನಲ್ಲಿ ಆರಕ್ಕೆ ಜಾಗವಿಲ್ಲ, ಐದೇ. ಒಂದೊಂದಕ್ಕೂ ಮೂರ್ನಾಲ್ಕು ಡಾಲರ್. ಬೇಸಿಗೆ ಕಳೆಯಲು ಮೈಸೂರಿನಿಂದ ಬಂದಿದ್ದ ಅಮ್ಮ ಅದನ್ನು ರೂಪಾಯಿಗೆ ತಿರುಗಿಸಿ, ಒಂದು ಸಲ ಢಂ ಅನ್ನಿಸಿದರೆ ಇಬ್ಬರ ಮಸಾಲೆ ದೋಸೆ, ಕಾಫಿ ಹೊಗೆಯಾಗುತ್ತದೆ ಎಂದು ಲೆಕ್ಕ ಒಪ್ಪಿಸಿದರು. “ನಿನ್ನ ಹತ್ರ ಯಾವುದಪ್ಪಾ ಇದೆ?” ಎಂದು ಬಾಮೈದನನ್ನು ಕೇಳಿದೆ. ಡಬ್ಬ ಹೊಡೆಯುವ .22 ರೈಫಲ್ ಅಂತೆ.

ವಿಡಿಯೊ ಕಾಲ್‌ನಲ್ಲಿ ದೊಡ್ಡಪ್ಪ ಬಂದರು. ಅವರದು 1968ರಲ್ಲಿ ‘ಜೇಡರ ಬಲೆ’ಯನ್ನೂ ‘ಗೋವಾದಲ್ಲಿ ಸಿ.ಐ.ಡಿ. 999’ ಚಿತ್ರವನ್ನೂ ಥಿಯೇಟರಿನಲ್ಲೇ ನೋಡಿದ ತಲೆಮಾರು. “ರಾಜ್‌ಕುಮಾರ್ ಯಾವತ್ತಾದ್ರೂ ಕ್ಯಾಲಿಬರ್ ಕೇಳಿದ್ರೇನೋ? ಹಿಡಿದ್ರು, ಹೊಡೆದ್ರು. ಅದೂ ಒಂದೇ ಕೈಯಲ್ಲಿ” ಎಂದು ತೀರ್ಪು ಕೊಟ್ಟು ಫೋನ್ ಇಟ್ಟರು.

ಕೆಲಸಕ್ಕೆ ಬರುವ ಮಾತಾಡಿದವರು ವಿರಾಜಪೇಟೆ ಕಡೆಯ ಗೆಳೆಯರು ಒಬ್ಬರೇ. ಕೊಡವರಿಗೆ ಬ್ರಿಟಿಷರ ಕಾಲದಿಂದಲೂ ಬಂದೂಕಿನ ಲೈಸೆನ್ಸಿನಿಂದ ವಿನಾಯಿತಿ ಇದೆ. ಕೈಲ್ ಪೊಳ್ದ್ ಹಬ್ಬದಲ್ಲಿ ಕೋವಿಗೆ ತೋಕ್ ಪೂ ಎಂಬ ಹೂ ಇಟ್ಟು ಪೂಜೆ ಮಾಡುವ ಮನೆಯಲ್ಲಿ ಬೆಳೆದವರು ಅವರು. ಬೋರು ಎಷ್ಟು, ಬೆಲೆ ಎಷ್ಟು ಎಂದು ಕೇಳಲೇ ಇಲ್ಲ. “ತಿಂಗಳಿಗೆ ಎಷ್ಟು ಗುಂಡು ಹೊಡೆದು ಕಲೀತೀರಿ, ಅದು ಹೇಳಿ” ಎಂದರು. ದೊಡ್ಡ ಬೋರು ಕೊಳ್ಳುವವರು ಕೇಳಿಕೊಳ್ಳಬೇಕಾದ ಮೊದಲ ಪ್ರಶ್ನೆಯೇ ಅದು. ಹೊಡೆಯಲು ಹೆದರಿಕೆಯಾಗುವ ರಿವಾಲ್ವರನ್ನು ಯಾರೂ ಅಭ್ಯಾಸ ಮಾಡುವುದಿಲ್ಲ. ಅಭ್ಯಾಸವಿಲ್ಲದ ರಿವಾಲ್ವರಿಗೆ ಕರಡಿ ಹೆದರುವುದಿಲ್ಲ.

ಆ ಪ್ರಶ್ನೆ ಹಿಡಿದು ಹೊರಟರೆ ದಾರಿ ನೇರವಾಗಿ .44 ಮ್ಯಾಗ್ನಮ್‌ಗೆ ಬಂದು ನಿಲ್ಲುತ್ತದೆ. ಐಡಾಹೊದ ದನಗಾಹಿ ಮತ್ತು ಬಂದೂಕು ಬರಹಗಾರ ಎಲ್ಮರ್ ಕೀತ್, ಹಳೆಯ .44 ಸ್ಪೆಷಲ್ ತೋಟಾಕ್ಕೆ ವರ್ಷಗಟ್ಟಲೆ ಹೆಚ್ಚು ಹೆಚ್ಚು ಮದ್ದು ತುಂಬಿ ಹೊಡೆಯುತ್ತಾ, ಇಂಥದ್ದೊಂದನ್ನು ಮಾಡಿ ಕೊಡಿ ಎಂದು ಕಂಪನಿಗಳ ಬೆನ್ನು ಹತ್ತಿದ. ಸ್ಮಿತ್ ಆಂಡ್ ವೆಸನ್ ರಿವಾಲ್ವರನ್ನೂ ರೆಮಿಂಗ್ಟನ್ ತೋಟಾವನ್ನೂ ತಯಾರಿಸಿ 1955ರ ಕೊನೆಗೆ ಅವನ ಹಟ ಗೆಲ್ಲಿಸಿದವು. 1971ರಲ್ಲಿ ಕ್ಲಿಂಟ್ ಈಸ್ಟ್‌ವುಡ್ ‘ಡರ್ಟಿ ಹ್ಯಾರಿ’ ಚಿತ್ರದಲ್ಲಿ ಅದನ್ನು ಹಿಡಿದ ಮೇಲೆ ಬೇಟೆಗೆ ಹೋಗದವರೂ ಅಂಗಡಿಯ ಮುಂದೆ ನಿಂತರು. ಅಂದಹಾಗೆ, ಹೆಸರಿನಲ್ಲಿ .44 ಇದ್ದರೂ ಗುಂಡಿನ ಅಡ್ಡಳತೆ .429 ಅಂಗುಲ; .38 ಸ್ಪೆಷಲ್‌ನ ಗುಂಡು .357. ಜಾಹೀರಾತಿನವರು ಹೇಳುವ ಯಾವ ಅಂಕಿಯನ್ನೂ ನಂಬಬೇಕಾಗಿಲ್ಲ ಎಂಬುದಕ್ಕೆ ಇಷ್ಟು ಸಾಕು.

.44ರ ನಿಜವಾದ ಗುಣ ಅದರ ಸಿಟ್ಟಿನಲ್ಲಿಲ್ಲ, ಹೊಂದಾಣಿಕೆಯಲ್ಲಿದೆ. ಮ್ಯಾಗ್ನಮ್ ಸಿಲಿಂಡರಿನಲ್ಲಿ .44 ಸ್ಪೆಷಲ್ ತೋಟಾವನ್ನೂ ಹೊಡೆಯಬಹುದು. ಮ್ಯಾಗ್ನಮ್‌ನ ಹದಿನೈದು ಗ್ರಾಂ ಗುಂಡು ಸೆಕೆಂಡಿಗೆ 400 ಮೀಟರಿನ ಆಸುಪಾಸಿನಲ್ಲಿ ಹೋದರೆ, ಅಷ್ಟೇ ತೂಕದ ಸ್ಪೆಷಲ್ ಗುಂಡು 230ರ ಆಸುಪಾಸಿನಲ್ಲಿ ಹೋಗುತ್ತದೆ. ಕಲಿಯುವಾಗ ಸ್ಪೆಷಲ್, ಕಾಡಿಗೆ ಹೋಗುವಾಗ ಮ್ಯಾಗ್ನಮ್. ಇದರ ತಿರುವುಮುರುವು ಮಾತ್ರ ನಡೆಯದು: ಮ್ಯಾಗ್ನಮ್ ತೋಟಾವನ್ನು ಅಂಗುಲದ ಎಂಟನೇ ಒಂದು ಭಾಗ ಉದ್ದ ಮಾಡಿರುವುದೇ ಹಳೆಯ ಸ್ಪೆಷಲ್ ರಿವಾಲ್ವರಿಗೆ ಅದು ತೂರದಿರಲಿ ಎಂದು. .357 ಮತ್ತು .38 ಸ್ಪೆಷಲ್‌ಗೂ ಇದೇ ನಂಟು.

ಇನ್ನು ಕಾನೂನು. ಎಚ್1ಬಿ ವೀಸಾದ ಮೇಲೆ ಇರುವವರು ಅಮೆರಿಕದ ಫೆಡರಲ್ ಕಾನೂನಿನ ಪ್ರಕಾರ ಬಂದೂಕು ಇಟ್ಟುಕೊಳ್ಳುವಂತಿಲ್ಲ. ಆದರೆ ಚಾಲ್ತಿಯಲ್ಲಿರುವ ಬೇಟೆ ಲೈಸೆನ್ಸ್ ಇದ್ದರೆ ಇಟ್ಟುಕೊಳ್ಳಬಹುದು. ಹೀಗಾಗಿ ಬೆಳ್ಳುಳ್ಳಿಯನ್ನೂ ಮುಟ್ಟದ ಉಡುಪಿ ಕಡೆಯ ಹುಡುಗನೊಬ್ಬ ಈಗ ಅಲಾಸ್ಕಾದ ಅಧಿಕೃತ ಬೇಟೆಗಾರ. ಅವನ ಊರಿನವರಿಗೆ ಹೇಳಬೇಡಿ. ನಮಗೆ ಗ್ರೀನ್ ಕಾರ್ಡ್ ಬಂದಿದ್ದರಿಂದ ಆ ಪಾಪ ತಪ್ಪಿತು. ಕೈಬಂದೂಕನ್ನು ಅಂಗಡಿಯಿಂದ ಕೊಳ್ಳಲು 21 ವರ್ಷ ತುಂಬಿರಬೇಕು, ನೀವು ವಾಸವಿರುವ ರಾಜ್ಯದಲ್ಲೇ ಕೊಳ್ಳಬೇಕು, 4473 ಎಂಬ ಫಾರಂ ತುಂಬಬೇಕು.

ಆ ಫಾರಂ ಓದುವಂತಿದೆ. ಪೂರ್ತಿ ಹೆಸರು ಬರೆಯಿರಿ, ಇನಿಷಿಯಲ್ ಸಾಲದು ಎನ್ನುತ್ತದೆ. ಊರಿನ ಹೆಸರು, ಅಪ್ಪನ ಹೆಸರು, ನಮ್ಮ ಹೆಸರು ಎಲ್ಲ ಬಿಡಿಸಿ ಬರೆಯುವಷ್ಟರಲ್ಲಿ ಮೂರು ಚೌಕ ದಾಟಿ ಅಂಚಿಗೆ ಬಂದಿರುತ್ತೇವೆ. ಆಮೇಲೆ ಪ್ರಶ್ನೆಗಳು: ಕೊಳ್ಳುತ್ತಿರುವುದು ನಿನಗೇ ತಾನೆ? ಪೊಲೀಸರಿಂದ ತಲೆ ತಪ್ಪಿಸಿಕೊಂಡಿದ್ದೀಯಾ? ಗಾಂಜಾ ಸೇದುತ್ತೀಯಾ? ಮನೆಯವರ ಮೇಲೆ ಕೈಮಾಡಿ ಶಿಕ್ಷೆಯಾಗಿದೆಯಾ? ಭುಜದ ಮೇಲಿಂದ ಓದುತ್ತಿದ್ದ ನನ್ನಾಕೆ ನಿಟ್ಟುಸಿರು ಬಿಟ್ಟಳು: “ಇದು ನಮ್ಮಪ್ಪನ ಕೈಗೆ ಮೊದಲೇ ಸಿಕ್ಕಿದ್ರೆ ಜಾತಕ ನೋಡೋ ಬದಲು ಇದನ್ನೇ ತುಂಬಿಸ್ತಿದ್ರು ಕಣ್ರೀ.” ಅಂಗಡಿಯಾತ ಎಫ್‌ಬಿಐಗೆ ವಿಚಾರಿಸಿದ. 1998ರಿಂದ ಇರುವ ವ್ಯವಸ್ಥೆ ಅದು. ಬಹಳ ಮಂದಿಗೆ ಕೆಲವೇ ನಿಮಿಷದಲ್ಲಿ ಉತ್ತರ ಬರುತ್ತದೆ. ಪಾಸ್‌ಪೋರ್ಟಿನ ಪೊಲೀಸ್ ವೆರಿಫಿಕೇಷನ್‌ಗೆ ಎರಡು ಸಲ ಕಾಫಿ ಮಾಡಿಕೊಟ್ಟಿದ್ದ ಅಮ್ಮನಿಗೆ ಇದು ಸರ್ಕಾರಿ ಕೆಲಸವೆಂದೇ ಅನ್ನಿಸಲಿಲ್ಲ.

ಆದರೆ ರಿವಾಲ್ವರ್ ಆರಿಸಿದ್ದು ಅಮ್ಮನೇ. ಅಂಗಡಿಯಾತ ಗಾಜಿನ ಮೇಲೆ ಹಸಿರು ಬಟ್ಟೆ ಹಾಸಿ ಮೂರು ಇಟ್ಟ, ಮೂರೂ .44 ಮ್ಯಾಗ್ನಮ್. ಒಂದೊಂದರ ಸಿಲಿಂಡರನ್ನೂ ಹೊರಗೆ ತಳ್ಳಿ, ಖಾಲಿ ಎಂದು ಮೊದಲು ತಾನು ನೋಡಿ, ಆಮೇಲೆ ನಮಗೆ ತೋರಿಸಿ ಕೈಗಿತ್ತ. ಮೊದಲನೆಯದು ಸ್ಮಿತ್ ಆಂಡ್ ವೆಸನ್‌ನ ಸ್ಕ್ಯಾಂಡಿಯಂ ಮಿಶ್ರಲೋಹದ 329 ಪಿಡಿ, ಬರೀ ಏಳುನೂರು ಗ್ರಾಂ ಚಿಲ್ಲರೆ. ನಡೆಯುವವರಿಗೆ ಭಾರವೇ ಆಗದು ಎಂದ. ಎರಡನೆಯದು ರೂಗರ್‌ನ ಸೂಪರ್ ರೆಡ್‌ಹಾಕ್ ಅಲಾಸ್ಕನ್: ಎರಡೂವರೆ ಅಂಗುಲದ ಮೋಟು ನಳಿಗೆ. ಮೂರನೆಯದು ಐದೂವರೆ ಅಂಗುಲ ನಳಿಗೆಯ, ಸ್ಟೇನ್‌ಲೆಸ್ ಸ್ಟೀಲಿನ ರೆಡ್‌ಹಾಕ್, ತೂಕ ಸುಮಾರು 1.4 ಕಿಲೋ. ಅಮ್ಮ ಪಾತ್ರೆ ಅಂಗಡಿಯಲ್ಲಿ ಕೊಳದಪ್ಪಲೆ ಎತ್ತಿ ನೋಡುವ ಹಾಗೆ ಒಂದೊಂದನ್ನೂ ಅಂಗೈಯಲ್ಲಿ ತೂಗಿದರು. “ಮೊದಲನೇದು ಬರೀ ತಗಡು. ಎರಡನೇದು ಮೋಟು. ಇದು ನೋಡು, ಗಟ್ಟಿ ಸ್ಟೀಲು. ಮೊಮ್ಮಕ್ಕಳ ಕಾಲಕ್ಕೂ ಬರತ್ತೆ.”

ಅಂಗಡಿಯಾತ ನಕ್ಕ, ಆದರೆ ಭೌತಶಾಸ್ತ್ರ ಅಮ್ಮನ ಪಕ್ಷ. ಗುಂಡನ್ನು ಮುಂದಕ್ಕೆ ನೂಕಿದ ಬಲವೇ ರಿವಾಲ್ವರನ್ನು ಹಿಂದಕ್ಕೆ ನೂಕುತ್ತದೆ. ಅದು ಹಗುರವಾದಷ್ಟೂ ಜೋರಾಗಿ ಹಿಂದೆ ಬಂದು ಹೆಬ್ಬೆರಳಿನ ಬುಡಕ್ಕೆ ಗುದ್ದುತ್ತದೆ. ಏಳುನೂರು ಗ್ರಾಮಿನದರಲ್ಲಿ ಮ್ಯಾಗ್ನಮ್ ಹೊಡೆದ ಮೇಲೆ ಅವತ್ತಿನ ಚಪಾತಿ ಹಿಟ್ಟನ್ನು ಬೇರೆ ಯಾರಾದರೂ ನಾದಬೇಕು. ಉದ್ದ ನಳಿಗೆಯಲ್ಲಿ ಮುಂದಿನ ಗುರಿಕಾಯಿಗೂ ಹಿಂದಿನದಕ್ಕೂ ಅಂತರ ಹೆಚ್ಚು, ಹಾಗಾಗಿ ಗುರಿ ಹಿಡಿಯುವಾಗಿನ ಸಣ್ಣ ತಪ್ಪು ಬೇಗ ಕಣ್ಣಿಗೆ ಬೀಳುತ್ತದೆ. ಹಿಡಿಕೆ ನಿಮ್ಮ ಕೈಗೆ ಹೊಂದುತ್ತದೆಯೇ, ತೋರುಬೆರಳು ಎಳೆದಾಡದೆ ಟ್ರಿಗರಿಗೆ ಎಟುಕುತ್ತದೆಯೇ ಎಂದು ನೋಡುವುದೂ ಅಷ್ಟೇ ಮುಖ್ಯ. ನಮ್ಮ ಕಡೆಯವರ ಕೈ ಟೆಕ್ಸಸ್‌ನವರದರಷ್ಟು ಅಗಲವಿರುವುದಿಲ್ಲ. “ಬೆನ್ನಿಗೆ ಬ್ಯಾಗ್ ಹಾಕಿ ಬೆಲ್ಟ್ ಕಟ್ಟಿದ್ರೆ ಸೊಂಟದ್ದು ತೆಗೆಯೋದು ಹೇಗಪ್ಪಾ?” ಎಂದು ಮಗಳು ಕೇಳಿದಳು. ಅದಕ್ಕೇ ಇಲ್ಲಿಯವರು ಎದೆಯ ಮೇಲೆ ಓರೆಯಾಗಿ ಕಟ್ಟುವ ಹೋಲ್‌ಸ್ಟರ್ ಬಳಸುತ್ತಾರೆ. ಅಮ್ಮ ಕೊನೆಗೆ “ಫೈನಲ್ ರೇಟು ಎಷ್ಟಂತೆ, ಕೇಳು” ಎಂದರು. ರೇಟು ಇಳಿಯಲಿಲ್ಲ, ಒರೆಸುವ ಬಟ್ಟೆಯೊಂದು ಪುಕ್ಕಟೆ ಬಂತು.

ಜುಲೈ ರಜೆಗೆ ಬಾಮೈದ ಬಂದ. ಎಲ್ಲರೂ ಶೂಟಿಂಗ್ ರೇಂಜಿಗೆ ಹೋದೆವು. ಕಿವಿಯೊಳಗೆ ಬಿರಡೆ, ಅದರ ಮೇಲೆ ಮುಚ್ಚಳ, ಕಣ್ಣಿಗೆ ಕನ್ನಡಕ. ಸ್ಪೆಷಲ್ ತೋಟಾದಲ್ಲಿ ರೆಡ್‌ಹಾಕ್ ಸಾಧುಪ್ರಾಣಿ. ಮೆಲ್ಲಗೆ ತಳ್ಳಿ ಸುಮ್ಮನಾಗುತ್ತದೆ. ನನ್ನಾಕೆ ಹೊಡೆದ ಆರೂ ಒಂದು ಹೋಳಿಗೆಯಷ್ಟಗಲದಲ್ಲಿ ಬಿದ್ದವು. ಬಾಮೈದ ಮಾತ್ರ ಸ್ಪೆಷಲ್ ಮುಟ್ಟಲಿಲ್ಲ, ನೇರ ಮ್ಯಾಗ್ನಮ್. ಸಿಲಿಂಡರ್ ಸಂದಿಯಿಂದ ಬೆಂಕಿ ಚಿಮ್ಮಿತು, ನಳಿಗೆ ಸೂರು ನೋಡಿತು, ಗುರಿಹಾಳೆ ಮಾತ್ರ ಹೊಸದಾಗಿಯೇ ಉಳಿಯಿತು. ವಿರಾಜಪೇಟೆಯವರು ಏನೂ ಅನ್ನದೆ ರಿವಾಲ್ವರ್ ತೆಗೆದುಕೊಂಡು, ಒಳ್ಳೆಯ ತೋಟಾಗಳ ನಡುವೆ ಎರಡು ಸುಟ್ಟ ತೋಟಾ ಸೇರಿಸಿ, ಯಾವುದು ಎಲ್ಲಿದೆ ಎಂದು ಹೇಳದೆ ಅವನ ಕೈಗೆ ಕೊಟ್ಟರು. ಒಂದು ಢಂ ಅಂದಿತು. ಇನ್ನೊಂದು ಟಿಕ್ ಅಂದಿತು, ಆದರೆ ಗುಂಡೇ ಹಾರದ ಆ ಹೊಡೆತಕ್ಕೂ ಬಾಮೈದನ ಕಣ್ಣು ಮುಚ್ಚಿ, ನಳಿಗೆ ನಾಲ್ಕು ಬೆರಳು ಕೆಳಗೆ ಬಗ್ಗಿತ್ತು. ಗುಂಡು ಹಾರುವ ಮೊದಲೇ ಕೈ ಹೆದರಿ ಕುಗ್ಗುತ್ತದೆ; ದೊಡ್ಡ ಬೋರಿನಲ್ಲಿ ಗುರಿ ತಪ್ಪುವುದು ಹೆಚ್ಚಾಗಿ ಹೀಗೆಯೇ. ಅವನು ಆಮೇಲೆ .500ರ ಸುದ್ದಿ ಎತ್ತಲಿಲ್ಲ.

ಕರಡಿಯನ್ನು ನಿಜವಾಗಿ ಹೊಡೆದರೆ ಮುಂದೇನು ಎಂಬ ಪ್ರಶ್ನೆಯನ್ನು ಎತ್ತಿದವರೂ ಅಮ್ಮನೇ. ಮಗಳು ಅಲಾಸ್ಕಾದ ನಿಯಮ ಓದಿ ಹೇಳಿದಳು: ಪ್ರಾಣ ಉಳಿಸಿಕೊಳ್ಳಲು ಕರಡಿ ಕೊಂದರೆ ಅಪರಾಧವಲ್ಲ, ಆದರೆ ಕೊಂದವರೇ ಅದರ ಚರ್ಮ ಸುಲಿದು, ಉಗುರು ಸಮೇತ, ತಲೆಬುರುಡೆಯ ಜೊತೆ ಇಲಾಖೆಗೆ ಒಪ್ಪಿಸಬೇಕು, 15 ದಿನದೊಳಗೆ ವರದಿಯನ್ನೂ ಬರೆದುಕೊಡಬೇಕು. ಮನೆಯಲ್ಲಿ ಮೌನ. “ಸುಲಿಯೋದು ಯಾರು?” ಎಂದು ಅಮ್ಮ ನಮ್ಮೆಲ್ಲರ ಮುಖ ನೋಡಿದರು. ಹಲಸಿನಹಣ್ಣು ಬಿಡಿಸಲೂ ಕೈಗೆ ಎಣ್ಣೆ ಹಚ್ಚಿಕೊಳ್ಳುವ ಜನ ನಾವು.

ಆಗ ಮಗಳು ಬೇರ್ ಸ್ಪ್ರೇ ಡಬ್ಬಿ ತಂದಿಟ್ಟಳು. ಒಳಗಿರುವುದು ಮೆಣಸಿನಕಾಯಿಯಿಂದ ತೆಗೆದ ಖಾರದ ಸತ್ವ, ಕ್ಯಾಪ್ಸೈಸಿನ್. ಒತ್ತಿದರೆ ಎಂಟು ಹತ್ತು ಮೀಟರ್ ದೂರ ಮೋಡ ಕಟ್ಟುತ್ತದೆ. ಅಲಾಸ್ಕಾದ ಘಟನೆಗಳನ್ನು ಪರಿಶೀಲಿಸಿ ಟಾಮ್ ಸ್ಮಿತ್ ಮತ್ತು ಸಂಗಡಿಗರು 2008ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಕಂದು ಕರಡಿಗಳ ಮೇಲೆ ಬಳಸಿದಾಗ ಶೇಕಡ 92ರಷ್ಟು ಸಲ ಅದು ಕೆಲಸ ಮಾಡಿತ್ತು. “ಇದಕ್ಕೆ ಬ್ಯಾಡಗಿ ಸಾಲದು, ಅದು ಬರೀ ಬಣ್ಣ. ಗುಂಟೂರೇ ಹಾಕಿರಬೇಕು” ಎಂದು ಅಮ್ಮ ಡಬ್ಬಿಗೆ ಸರ್ಟಿಫಿಕೇಟ್ ಕೊಟ್ಟರು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎಂಬ ಮಾತಿಗೆ ಇದಕ್ಕಿಂತ ಒಳ್ಳೆಯ ಯಂತ್ರ ನನಗೆ ಗೊತ್ತಿಲ್ಲ.

ಆದ್ದರಿಂದ ಉತ್ತರಕ್ಕೆ ಬರುವ ಕನ್ನಡ ಬಂಧುಗಳಲ್ಲಿ ಅರಿಕೆ. ಮೊದಲ ದೊಡ್ಡ ಬೋರಿನ ರಿವಾಲ್ವರ್ ಬೇಕೇ ಬೇಕೆಂದರೆ ಭಾರದ್ದು ಕೊಳ್ಳಿ, .44 ಕೊಳ್ಳಿ, ನಳಿಗೆ ತೀರ ಮೋಟು ಬೇಡ. ಕೊಳ್ಳುವ ಮೊದಲು ರೇಂಜಿನಲ್ಲಿ ಬಾಡಿಗೆಗೆ ಪಡೆದು ಹೊಡೆದು ನೋಡಿ. ಮೊದಲ ವರ್ಷ ಸ್ಪೆಷಲ್ ತೋಟಾವನ್ನೇ ಹಾಕಿ. ಮನೆಯಲ್ಲಿ ಬೀಗ ಹಾಕಿಡಿ, ಬಾಮೈದನಿಗೆ ಬೀಗದ ಕೈ ಕೊಡಬೇಡಿ. ಯಾರು ಏನೇ ಕೊಳ್ಳಲಿ, ಖಾರದ ಡಬ್ಬಿ ಮಾತ್ರ ಪ್ರತಿಯೊಬ್ಬರ ಕೈಗೆಟುಕುವಂತಿರಲಿ. ಅದಕ್ಕೆ ಗ್ರೀನ್ ಕಾರ್ಡ್ ಬೇಡ, ಬೇಟೆ ಲೈಸೆನ್ಸ್ ಬೇಡ, 4473 ಬೇಡ. ವಿಮಾನದಲ್ಲಿ ತರಲು ಬಿಡುವುದಿಲ್ಲ. ಇಲ್ಲಿಗೆ ಬಂದ ಮೇಲೆ ಕೊಳ್ಳಿ.