ಈಚಲು ಮರದ ಕೆಳಗೆ: ಒಂದು ಕಾಲ್ಪನಿಕ ಸಂದರ್ಶನ

ಈಚಲು ಬಯಲುಸೀಮೆಯ ಮರ. ಹಳ್ಳದ ದಂಡೆ, ಕೆರೆಯಂಗಳ, ಸವುಳು ನೆಲ, ಯಾರೂ ಉಳದ ಬದು, ಹೀಗೆ ಬೇರೆ ಮರಗಳು ಒಲ್ಲೆನ್ನುವ ಜಾಗದಲ್ಲಿ ತಾನಾಗಿ ಹುಟ್ಟಿ, ನೀರೆರೆಯುವವರಿಲ್ಲದೆ ಬೆಳೆಯುತ್ತದೆ. ತೆಂಗು, ಅಡಿಕೆ, ತಾಳೆಗಳ ಬಳಗಕ್ಕೇ ಸೇರಿದ್ದು. ತೆಂಗು ಕಳಶಕ್ಕೆ ಹೋಯಿತು, ಅಡಿಕೆ ತಾಂಬೂಲದ ತಟ್ಟೆಗೆ ಹೋಯಿತು. ಈಚಲು ಮಾತ್ರ ಪೊರಕೆ, ಚಾಪೆ, ಬುಟ್ಟಿ, ಹೆಂಡದ ಗಡಿಗೆ ಇಷ್ಟರಲ್ಲೇ ಉಳಿಯಿತು. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡಗಳ ನಿಡುಗಲ್ ಸೀಮೆಯಲ್ಲಿ ಇದನ್ನು ಕಾಣದ ಹಳ್ಳವಿಲ್ಲ. ಮಾತಿನಲ್ಲಿ ಮಾತ್ರ ಇದರ ಹೆಸರು ಕೇಳಿಬರುವುದು ಹೆಚ್ಚಾಗಿ ಒಂದೇ ಗಾದೆಯಲ್ಲಿ: ಈಚಲು ಮರದ ಕೆಳಗೆ ಕೂತು ಮಜ್ಜಿಗೆ ಕುಡಿದರೂ ಹೆಂಡ ಅಂತಾರೆ.

ಸಂದರ್ಶನಕ್ಕೆ ಸಿಕ್ಕ ಮರ ನಿಡುಗಲ್ ದುರ್ಗ ಕಾಣುವಷ್ಟು ದೂರದ ಒಂದು ಹಳ್ಳದ ದಂಡೆಯದು. ಅದರ ಕಾಂಡ ನೆಟ್ಟಗಿಲ್ಲ, ಮೆಟ್ಟಿಲು ಮೆಟ್ಟಿಲಾಗಿ ಸೊಟ್ಟ. ಹೆಂಡ ಇಳಿಸುವವರು ಒಂದು ವರ್ಷ ಒಂದು ಮಗ್ಗುಲು ಕೆತ್ತಿದರೆ ಮರುವರ್ಷ ಎದುರು ಮಗ್ಗುಲು ಕೆತ್ತುತ್ತಾರೆ. ಮರ ಬೆಳೆದ ಹಾಗೆ ಗಾಯಗಳು ಎಡ ಬಲ, ಎಡ ಬಲ ಎಂದು ಕೆಳಗುಳಿಯುತ್ತವೆ. ಈ ಮರದ ಕಚ್ಚುಗಳು ಎರಡಾಳೆತ್ತರಕ್ಕೆ ನಿಂತುಬಿಟ್ಟಿವೆ. ಅಲ್ಲಿಂದ ಮೇಲೆ ಗರಿ ಉದುರಿದ ಗುರುತು ಬಿಟ್ಟರೆ ಬೇರೇನೂ ಇಲ್ಲ.

ಮಾತಿಗೆ ಮೊದಲು ಮರ ಒಂದು ಷರತ್ತು ಹಾಕಿತು. ಉತ್ತರಗಳಲ್ಲಿ ಎಲ್ಲಿಯೂ ‘ನಾನು’ ಎಂಬ ಪದ ಬರಬಾರದು. ‘ನಾನು’ ಎಂದರೆ ಅದು ಹೇಳಿಕೆ, ಹೇಳಿಕೆ ಕೊಟ್ಟವರು ಸಾಕ್ಷಿ, ಸಾಕ್ಷಿಯಾದವರು ವಾಯಿದೆ ವಾಯಿದೆಗೂ ಕೋರ್ಟಿಗೆ ಹಾಜರಾಗಬೇಕು. ಬೇರು ಬಿಟ್ಟವರಿಗೆ ಅದು ಆಗದ ಕೆಲಸ. ಆದ್ದರಿಂದ ಮರ ಕೊನೆಯವರೆಗೂ ಪಠ್ಯಪುಸ್ತಕದ ದನಿಯಲ್ಲೇ ಮಾತಾಡಿತು.

ಪ್ರಶ್ನೆ: ಗಾದೆಯ ಬಗ್ಗೆ ಮರದ ಅಭಿಪ್ರಾಯವೇನು?

ಮರ: ಗಾದೆಯಲ್ಲಿ ಮೂವರಿದ್ದಾರೆ. ಕುಡಿದವನು ಕುಡಿದದ್ದು ಮಜ್ಜಿಗೆ, ಅವನದು ತಪ್ಪಿಲ್ಲ. ನೋಡಿದವನು ನೋಡಿದ್ದು ತಪ್ಪು, ಆದರೆ ಅವನನ್ನು ಯಾರೂ ಬೈಯುವುದಿಲ್ಲ. ಮರ ಏನೂ ಮಾಡಿಲ್ಲ, ಹೆಸರು ಕೆಟ್ಟದ್ದು ಅದರದೇ. ಹಿರಿಯರು ಮಕ್ಕಳಿಗೆ ಹೇಳಿಕೊಟ್ಟದ್ದು ‘ಅಲ್ಲಿ ಕೂರಬೇಡ’ ಎಂದು. ‘ಲೋಟ ಮೂಸಿ ನೋಡಿ ಆಮೇಲೆ ಮಾತಾಡು’ ಎಂದು ಹೇಳಿಕೊಟ್ಟ ಮನೆ ಈ ಸೀಮೆಯಲ್ಲಿ ಕಂಡಿಲ್ಲ. ಈಗಂತೂ ಗಾದೆ ಕಾನೂನಿನಲ್ಲೂ ಸೇರಿದೆ. 1985ರ ಮಾದಕವಸ್ತು ಕಾಯ್ದೆಯ 35ನೆಯ ಕಲಮು ಆರೋಪಿಗೆ ಅಪರಾಧಿ ಮನಸ್ಸು ಇತ್ತೆಂದೇ ಕೋರ್ಟು ಭಾವಿಸಬೇಕು ಎನ್ನುತ್ತದೆ. ಇರಲಿಲ್ಲವೆಂದು ತೋರಿಸುವುದು ಆರೋಪಿಯ ಪಾಡು. ಗಾದೆ ಕಟ್ಟಿದವರಿಗೆ ರಾಯಧನ ಸಲ್ಲಬೇಕಿತ್ತು.

ಎರಡನೆಯ ಪ್ರಶ್ನೆ ಮರದಿಂದ ಇಳಿಯುವುದು ನಿಜಕ್ಕೂ ಏನು ಎಂಬುದು. ಇಲ್ಲಿ ಮರ ಬಹಳ ಹೊತ್ತು ತೆಗೆದುಕೊಂಡಿತು, ತೆಗೆದುಕೊಂಡದ್ದು ನ್ಯಾಯವೇ. ಸಂಜೆ ನೆತ್ತಿಯ ಕೆಳಗೆ ಗರಿ ಸವರಿ, ಎಳೆ ಮೈಯನ್ನು ಕತ್ತಿಯಿಂದ ತೆಳ್ಳಗೆ ಕೆತ್ತಿ, ಗಡಿಗೆ ಕಟ್ಟುತ್ತಾರೆ. ರಾತ್ರಿಯಿಡೀ ತೊಟ್ಟು ತೊಟ್ಟಾಗಿ ರಸ ಇಳಿಯುತ್ತದೆ. ಗಡಿಗೆಯ ಒಳಮೈಗೆ ಸುಣ್ಣ ಬಳಿದಿದ್ದು ಹೊತ್ತು ಮೂಡುವ ಮುಂಚೆ ಇಳಿಸಿದರೆ ಅದು ನೀರಾ; ಮಗುವೂ ಕುಡಿಯಬಹುದು, ಕಾಯಿಸಿದರೆ ಬೆಲ್ಲವಾಗುತ್ತದೆ. ಸುಣ್ಣವಿಲ್ಲದೆ ಬಿಟ್ಟರೆ ಗಾಳಿಯಲ್ಲಿರುವ ಹುಳಿಸುವ ಜೀವಿಗಳು ಸಕ್ಕರೆ ತಿಂದು ಮಧ್ಯಾಹ್ನದೊಳಗೆ ಅದನ್ನು ಹೆಂಡ ಮಾಡುತ್ತವೆ. ಸಂಜೆಗೆ ಕಡುಹುಳಿ. ಒಂದೇ ಗಡಿಗೆ ಬೆಳಿಗ್ಗೆ ಆರೋಗ್ಯ ಪೇಯ, ನಡುಹಗಲಿಗೆ ಅಪರಾಧ, ಮೂರನೆಯ ದಿನ ಅಡುಗೆಮನೆಯ ವಿನೆಗರ್. ‘ಈ ಮೂರರಲ್ಲಿ ಮರದ ಕೈ ಎಲ್ಲಿದೆಯೆಂದು ಅಬಕಾರಿ ಇಲಾಖೆಯವರು ತೋರಿಸಿದರೆ ತಪ್ಪೊಪ್ಪಿಗೆ ಬರೆದುಕೊಡಲಾಗುವುದು’ ಎಂದು ಮರ ಸೇರಿಸಿತು.

ಪ್ರಶ್ನೆ: ಸ್ವಾತಂತ್ರ್ಯ ಹೋರಾಟಕ್ಕೆ ಈಚಲು ಮರದ ಕೊಡುಗೆ?

ಮರ: ಕಡಿಸಿಕೊಂಡದ್ದು. 1939ರಲ್ಲಿ ಚಿತ್ರದುರ್ಗದ ಹತ್ತಿರದ ತುರುವನೂರಿನಲ್ಲಿ ಸತ್ಯಾಗ್ರಹಿಗಳು ಈಚಲು ಮರ ಕಡಿದು ಕಾನೂನು ಮುರಿದರು. ಹೆಂಡದ ಗುತ್ತಿಗೆಯ ಹಣ ಸರ್ಕಾರದ ಬೊಕ್ಕಸಕ್ಕೆ ಹೋಗುತ್ತಿತ್ತು, ಆದ್ದರಿಂದ ಮರ ಕಡಿಯುವುದು ಸರ್ಕಾರದ ಕೈ ಕಡಿದಂತೆ. ಎಸ್. ನಿಜಲಿಂಗಪ್ಪನವರೂ ಆ ಹೋರಾಟದಲ್ಲಿದ್ದು ಜೈಲು ಕಂಡರು. ಸ್ವಾತಂತ್ರ್ಯ ಬಂತು. ಸಂವಿಧಾನದ 47ನೆಯ ಅನುಚ್ಛೇದ ಪಾನನಿರೋಧವನ್ನು ಸರ್ಕಾರದ ಕರ್ತವ್ಯಗಳಲ್ಲಿ ಸೇರಿಸಿತು. ಮುಂದೆ ಅದೇ ನಿಜಲಿಂಗಪ್ಪನವರು ಮುಖ್ಯಮಂತ್ರಿಯಾಗಿದ್ದಾಗ, ಮದ್ಯಕ್ಕೆ ಲೈಸೆನ್ಸು ಕೊಟ್ಟು ಸುಂಕ ವಸೂಲು ಮಾಡುವ 1965ರ ಅಬಕಾರಿ ಕಾಯ್ದೆ ಬಂತು. ಕೊಡಲಿ ಹಿಡಿದದ್ದೂ ಪ್ರಾಮಾಣಿಕವಾಗಿಯೇ, ರಸೀದಿ ಪುಸ್ತಕ ಹಿಡಿದದ್ದೂ ಪ್ರಾಮಾಣಿಕವಾಗಿಯೇ. ಮರಕ್ಕೆ ದೂರಿಲ್ಲ. 1939ರಲ್ಲಿ ಅದನ್ನು ಕಡಿದವರು ಅಪರಾಧಿಗಳು, ಈಗ ಅದನ್ನು ಕೆತ್ತುವವರು ಅಪರಾಧಿಗಳು ಎಂಬುದನ್ನು ಮಾತ್ರ ಬರೆದುಕೊಳ್ಳಬಹುದು.

ಕೆತ್ತುವವರು ಅಪರಾಧಿಗಳಾದದ್ದು 2004ರಲ್ಲಿ. ದಕ್ಷಿಣ ಕನ್ನಡ ಮತ್ತು ಉಡುಪಿ ಬಿಟ್ಟು ಉಳಿದೆಡೆ ಸರ್ಕಾರ ಸೇಂದಿಯನ್ನು, ಅಂದರೆ ಹೆಂಡವನ್ನು, ನಿಷೇಧಿಸಿತು. ಕಾರಣ ಸುಳ್ಳಲ್ಲ. ಇದ್ದ ಮರಗಳಿಂದ ಇಳಿಯುವಷ್ಟು ಹೆಂಡ ಅಂಗಡಿಗಳಿಗೆ ಸಾಲದೆ, ನೀರಿಗೆ ಕ್ಲೋರಲ್ ಹೈಡ್ರೇಟ್ ಎಂಬ ನಿದ್ದೆ ಬರಿಸುವ ರಾಸಾಯನಿಕ ಬೆರೆಸಿ ‘ಸೇಂದಿ’ ಎಂದು ಮಾರುತ್ತಿದ್ದರು. ಕುಡಿದವರು ಅದಕ್ಕೇ ಅಂಟಿಕೊಳ್ಳುತ್ತಿದ್ದರು. ಮರದ ತಕರಾರು ಶಿಕ್ಷೆಯ ಬಗ್ಗೆ. ಬೆರೆಸಿದ ಪುಡಿ ಮರದಲ್ಲಿ ಬಿಡುವುದಿಲ್ಲ, ಹೆಂಡ ಇಳಿಸುವ ಈಡಿಗನ ಗಡಿಗೆಯಲ್ಲಿ ಹುಟ್ಟುವುದಿಲ್ಲ. ಆದರೂ ನಿಂತುಹೋದದ್ದು ಮರ ಹತ್ತುವವನ ಕಸುಬು. 2007ರ ಜುಲೈ 1ರಿಂದ ಸಾರಾಯಿಯೂ ನಿಂತಿತು. ಬಾಯಾರಿಕೆ ನಿಲ್ಲಲಿಲ್ಲ, ಅದು ಶೇಕಡಾ 42.8 ಮದ್ಯಸಾರದ 90 ಮಿಲಿಲೀಟರ್ ಪೊಟ್ಟಣದ ಕಡೆಗೆ ನಡೆದುಹೋಯಿತು. 2025–26ರ ಬಜೆಟ್ಟಿನಲ್ಲಿ ಅಬಕಾರಿ ಇಲಾಖೆಗೆ ಸರ್ಕಾರ ಇಟ್ಟ ಗುರಿ 40,000 ಕೋಟಿ ರೂಪಾಯಿ. ಗುರಿ ಮುಟ್ಟಬೇಕಾದರೆ ಕುಡಿಯುವವರು ತಮ್ಮ ಕರ್ತವ್ಯ ಮರೆಯಬಾರದು.

ಮರದ ಮೈಯ ಕೊನೆಯ ಕಚ್ಚು ಯಾವ ವರ್ಷದ್ದೆಂದು ಇನ್ನು ಕೇಳಬೇಕಾಗಲಿಲ್ಲ.

ಪ್ರಶ್ನೆ: ಪಾವಗಡದ ಮೂರು ಕಡೆ ಆಂಧ್ರ. ಗಡಿಯಾಚೆಯ ನೆಂಟರು ಏನೆನ್ನುತ್ತಾರೆ?

ಮರ: ಪಾವಗಡದವರಿಗೆ ಎರಡು ನಾಲಿಗೆ ಇರುವುದು ಇದಕ್ಕೇ ಅನುಕೂಲ. ಕನ್ನಡದಲ್ಲಿ ಕಲ್ಲು ಎಂದರೆ ಬಂಡೆ, ತೆಲುಗಿನಲ್ಲಿ ಕಲ್ಲು ಎಂದರೆ ಹೆಂಡ. ಗಡಿಕಲ್ಲಿನ ಆಚೆ ಮಡಕಶಿರಾ ಕಡೆ ಅದು ಲೈಸೆನ್ಸಿರುವ ಕಸುಬು, ಈಚೆ ಅದೇ ಕೇಸು. ಮರದ ಬೇರು ಯಾವ ರಾಜ್ಯದ ನೀರು ಕುಡಿಯುತ್ತದೆಯೆಂದು ಇನ್ನೂ ಯಾರೂ ಪಂಚನಾಮೆ ಮಾಡಿಲ್ಲ. ಕಾನೂನಿಗೆ ಕೊರತೆಯೆಂದೂ ಹೇಳುವಂತಿಲ್ಲ ಸ್ವಾಮಿ: 2013ರಿಂದ 2018ರವರೆಗೆ ರಾಜ್ಯದ ಕಾನೂನು ಸಚಿವರು ಶಿರಾದವರು, 2023ರಲ್ಲಿ ಗೃಹಖಾತೆ ವಹಿಸಿಕೊಂಡವರು ಕೊರಟಗೆರೆಯ ಶಾಸಕರು. ಇಷ್ಟು ಹತ್ತಿರದವರಿದ್ದೂ ಮರಕ್ಕೊಬ್ಬ ವಕೀಲ ಸಿಗಲಿಲ್ಲ.

ಮುಂದಿನ ಪ್ರಶ್ನೆ ಗಾಂಜಾ, ಮದ್ಯ, ಮೊಬೈಲ್ ಜೂಜು ಮೂರನ್ನೂ ಒಟ್ಟಿಗೆ ಹಿಡಿದು, ಮನುಷ್ಯ ತನ್ನ ಇಷ್ಟದಂತೆ ಕೆಡಬಹುದೇ ಎಂದು ಕೇಳಿತು. ಸಂದರ್ಶನದ ತಿರುಳು ಇದೇ. ಮರ ಒಬ್ಬ ಮನುಷ್ಯನನ್ನು ಊಹಿಸಿಕೊಳ್ಳಲು ಹೇಳಿತು: ಮಧುಗಿರಿ ಸಂತೆಯಲ್ಲಿ ಹುಣಸೆಹಣ್ಣು ಮಾರಿ, ಕೈಯಲ್ಲಿ ಎರಡು ಸಾವಿರ ಹಿಡಿದು ನಿಂತವನು. ಅವನು ಆ ಹಣದಲ್ಲಿ ವಿಸ್ಕಿ ಕುಡಿದರೆ ಕಾನೂನಿನ ಕಣ್ಣಿಗೆ ಸ್ವತಂತ್ರ ಪ್ರಜೆ. ಬಾಟಲಿಯ ಮೇಲೆ ಆರೋಗ್ಯಕ್ಕೆ ಹಾನಿಕರ ಎಂಬ ಅಕ್ಷರಗಳಿವೆ, ಓದಿಯೂ ಕುಡಿದದ್ದರಿಂದ ಹೊಣೆ ಅವನದು, ಸುಂಕ ಸರ್ಕಾರದ್ದು. ಅದೇ ಹಣದಲ್ಲಿ ಗಾಂಜಾ ಸೇದಿದರೆ ಅವನು ಅಪರಾಧಿ. ಮಾದಕವಸ್ತು ಕಾಯ್ದೆಯ 27ನೆಯ ಕಲಮಿನಂತೆ ಆರು ತಿಂಗಳವರೆಗೆ ಸೆರೆ ಅಥವಾ 10,000 ರೂಪಾಯಿವರೆಗೆ ದಂಡ ಅಥವಾ ಎರಡೂ. ಗಾಂಜಾ ಎಂದರೆ ಹೂ ಕಾಯಿ ಬಿಟ್ಟ ತುದಿ, ಅದೇ ಗಿಡದ ಬರೀ ಎಲೆ ಆ ವ್ಯಾಖ್ಯೆಯೊಳಗೆ ಬರುವುದಿಲ್ಲ. ಮರಗಿಡಗಳ ಅಂಗಾಂಗ ವಿಂಗಡಣೆಯಲ್ಲಿ ಕಾನೂನಿನವರು ಸಸ್ಯಶಾಸ್ತ್ರಿಗಳಿಗಿಂತ ಮುಂದಿದ್ದಾರೆ. ಇನ್ನು ಆ ಹಣವನ್ನು ಫೋನಿನ ಆಟಕ್ಕೆ ಕಟ್ಟಿ ಕಳೆದರೆ, ಆನ್‌ಲೈನ್ ಗೇಮಿಂಗ್ ಬಗ್ಗೆ 2025ರಲ್ಲಿ ಬಂದ ಕೇಂದ್ರ ಕಾಯ್ದೆಯ ಪ್ರಕಾರ ಅವನು ಬಲಿಪಶು. ಶಿಕ್ಷೆ ಆಟ ನಡೆಸಿದವರಿಗೆ, ಜಾಹೀರಾತು ಕೊಟ್ಟವರಿಗೆ.

ಮನುಷ್ಯ ಒಬ್ಬನೇ, ಹಣವೂ ಅದೇ. ಮೊದಲನೆಯದರಲ್ಲಿ ಅವನಿಗೆ ಪೂರ್ತಿ ಬುದ್ಧಿಯಿದೆ, ಎರಡನೆಯದರಲ್ಲಿ ಕೆಟ್ಟ ಬುದ್ಧಿಯಿದೆ, ಮೂರನೆಯದರಲ್ಲಿ ಬುದ್ಧಿಯೇ ಇಲ್ಲ. ಅವನ ಮನಸ್ಸು ಅವನದೋ ಅಲ್ಲವೋ ಎಂಬುದನ್ನು ಅವನ ಕೈಯಲ್ಲಿರುವ ವಸ್ತು ತೀರ್ಮಾನಿಸುತ್ತದೆ. ಇದಕ್ಕೂ ಮುಂಚೆ, 2021ರಲ್ಲಿ, ಕರ್ನಾಟಕ ತನ್ನ ಪೊಲೀಸ್ ಕಾಯ್ದೆಗೇ ತಿದ್ದುಪಡಿ ತಂದು ಹಣದ ಆನ್‌ಲೈನ್ ಆಟ ನಿಲ್ಲಿಸಲು ಹೊರಟಿತ್ತು. 2022ರ ಫೆಬ್ರವರಿ 14ರಂದು ಹೈಕೋರ್ಟು ಅದರ ಮುಖ್ಯ ಕಲಮುಗಳನ್ನು ರದ್ದು ಮಾಡಿತು. ಆ ತಿದ್ದುಪಡಿಯಲ್ಲೂ ಕುದುರೆ ಜೂಜಿಗೆ ವಿನಾಯಿತಿ ಇತ್ತು. ಕುದುರೆಗೆ ನಾಲ್ಕು ಕಾಲು, ಈಚಲಿಗೆ ಒಂದೇ ಕಾಲು ಎಂಬುದನ್ನು ಬಿಟ್ಟು ಬೇರೆ ಕಾರಣ ಮರಕ್ಕೆ ಹೊಳೆಯಲಿಲ್ಲ.

ಪ್ರಶ್ನೆ: ಹಾಗಾದರೆ ಎಲ್ಲರನ್ನೂ ಬಿಟ್ಟುಬಿಡಬೇಕೇ?

ಮರ: ಹಾಗೆ ಯಾರೂ ಹೇಳಿಲ್ಲ. ಮೋಟಾರು ವಾಹನ ಕಾಯ್ದೆಯನ್ನು ನೋಡಬಹುದು. 100 ಮಿಲಿಲೀಟರ್ ರಕ್ತದಲ್ಲಿ 30 ಮಿಲಿಗ್ರಾಂ ಮೀರಿ ಮದ್ಯಸಾರವಿದ್ದು ಗಾಡಿ ಓಡಿಸಿದರೆ ಅಪರಾಧ. ವಿಸ್ಕಿಯೋ ಹೆಂಡವೋ ಎಂದು ಅದು ಕೇಳುವುದಿಲ್ಲ. ಕುಡಿದ ಕೈ ಸ್ಟೇರಿಂಗ್ ಹಿಡಿದಿತ್ತೇ ಎಂದು ಕೇಳುತ್ತದೆ. ಅದು ಸರಿಯಾದ ಪ್ರಶ್ನೆ. ಮಾದಕವಸ್ತು ಕಾಯ್ದೆಯಲ್ಲೂ 64ಎ ಎಂಬ ಒಂದು ಒಳ್ಳೆಯ ಕಲಮಿದೆ: ಚಟಕ್ಕೆ ಬಿದ್ದವನು ತಾನಾಗಿ ಚಿಕಿತ್ಸೆಗೆ ಬಂದರೆ ಸೇವನೆಯ ಕೇಸಿನಿಂದ ವಿನಾಯಿತಿ. ಪೊಲೀಸ್ ದಾಳಿಯ ಫೋಟೊ ಪತ್ರಿಕೆಯಲ್ಲಿ ಬಂದಷ್ಟು ಸಲ ಆ ಕಲಮಿನ ಹೆಸರು ಬರುವುದಿಲ್ಲ. ಕುಡಿಯುವವರ ಕಡೆಯೂ ಒಂದು ಮಾತಿದೆ. ಸುರಿದುಕೊಳ್ಳುವಾಗ ‘ನನ್ನ ದುಡ್ಡು, ನನ್ನ ಇಷ್ಟ’ ಎಂದವನೇ ಹೆಂಡತಿಯ ಮೇಲೆ ಕೈಮಾಡಿದ ಮಾರನೆಯ ಬೆಳಿಗ್ಗೆ ‘ನಾನಲ್ಲ, ಹೆಂಡ ಮಾಡಿಸಿತು’ ಎನ್ನುತ್ತಾನೆ. ಸ್ವಾತಂತ್ರ್ಯ ರಾತ್ರಿಯದು, ತಪ್ಪು ಮರದ್ದು. ಇದನ್ನು ಎಷ್ಟೋ ತಲೆಮಾರಿನಿಂದ ಕೇಳಿಸಿಕೊಂಡದ್ದಾಗಿದೆ.

ಕಾವಲು ಕ್ಯಾಮೆರಾಗಳ ಬಗ್ಗೆ ಕೇಳಿದಾಗ ಮರ ಚುಟುಕಾಗಿ ಮಾತಾಡಿತು. 2017ರ ಸಾರ್ವಜನಿಕ ಸುರಕ್ಷತಾ ಕಾಯ್ದೆಯಂತೆ ಜನ ಹೆಚ್ಚಾಗಿ ಬಂದುಹೋಗುವ ಜಾಗಗಳಲ್ಲಿ ಸಿಸಿಟಿವಿ ಇರಬೇಕು, ಚಿತ್ರಗಳನ್ನು 30 ದಿನ ಕಾಪಿಡಬೇಕು. ಮರದ ಪ್ರಕಾರ ನೋಡುವ ಕಣ್ಣು ಹೊಸದಲ್ಲ, ಹೊಸದು ಅದರ ನೆನಪು ಮಾತ್ರ. ಈಚಲು ಬರಲಿನಲ್ಲಿ ಬುಟ್ಟಿ ಹೆಣೆಯುತ್ತಿದ್ದ ಕೊರಚರಂಥ ಅಲೆಮಾರಿ ಸಮುದಾಯಗಳನ್ನು ಬ್ರಿಟಿಷರ ಕಾನೂನು ಹುಟ್ಟಿನಿಂದಲೇ ಕಳ್ಳರೆಂದು ಪಟ್ಟಿ ಮಾಡಿತು. 1871ರ ಆ ಕಾಯ್ದೆ 1911ರಲ್ಲಿ ಮದ್ರಾಸ್ ಪ್ರಾಂತ್ಯಕ್ಕೂ ಬಂತು, ರದ್ದಾದದ್ದು 1952ರಲ್ಲಿ. ಯಾವ ಕ್ಯಾಮೆರಾವೂ ಇಲ್ಲದೆ, ಬುಟ್ಟಿ ಹೊತ್ತವರ ಮುಖ ನೋಡಿಯೇ ಪೊಲೀಸರು ಕೇಸು ಬರೆಯುತ್ತಿದ್ದ ಕಾಲವದು. ಈಗ ಮುಖ ನೋಡಿ ಗುರುತು ಹೇಳುವ ಯಂತ್ರಗಳು ಬಂದಿವೆ. ಅವಕ್ಕೆ ಮೊದಲ ಪಾಠ ಯಾವ ಪಟ್ಟಿಯಿಂದ ಹೇಳಿಕೊಡಲಾಗಿದೆ ಎಂದು ಮರ ಕೇಳಿತು. ಸಂದರ್ಶಕರ ಬಳಿ ಉತ್ತರವಿರಲಿಲ್ಲ.

ಪ್ರಶ್ನೆ: ಮೊಬೈಲ್ ಫೋನಿಗೂ ಈಚಲು ಮರಕ್ಕೂ ಹೋಲಿಕೆ ಉಂಟೇ?

ಮರ: ಎರಡಕ್ಕೂ ಬೈಗುಳ ಒಂದೇ: ‘ಊರಿನ ಹುಡುಗರು ಇದರಿಂದಲೇ ಕೆಟ್ಟರು.’ ಆದರೆ ವ್ಯತ್ಯಾಸ ದೊಡ್ಡದು. ಈಚಲಿಗೆ ಗರಿಯ ಬುಡದಲ್ಲಿ ಚೂಪು ಮುಳ್ಳಿದೆ, ಹತ್ತಬೇಕೆಂದರೆ ಮೈ ಕೈ ಗೀರಿಸಿಕೊಳ್ಳಬೇಕು. ಗಡಿಗೆ ತುಂಬಲು ಒಂದು ರಾತ್ರಿ ಬೇಕು, ಅವಸರ ಮಾಡಿದರೆ ಒಂದು ತೊಟ್ಟೂ ಹೆಚ್ಚು ಬಾರದು. ಒಂದು ಮಗ್ಗುಲು ಕೆತ್ತಿದ ಮೇಲೆ ಮರ ಸುಧಾರಿಸಿಕೊಳ್ಳಲು ಬಿಡಬೇಕು. ಫೋನಿಗೆ ಮುಳ್ಳಿಲ್ಲ, ಎತ್ತರವಿಲ್ಲ, ಋತುವಿಲ್ಲ. ಮಲಗಿದವನ ದಿಂಬಿನ ಪಕ್ಕದಲ್ಲೇ ಗಡಿಗೆ ತುಂಬುತ್ತಿರುತ್ತದೆ. ಇದು ತಾನಾಗಿ ಬಂದ ಗುಣವಲ್ಲ, ಯಾರೋ ಕೂತು ಹಾಗೆ ಮಾಡಿದ್ದು. ಮುಳ್ಳುಗಳನ್ನು ಒಂದೊಂದಾಗಿ ಕಿತ್ತವರಿಗೆ ಅದಕ್ಕಾಗಿಯೇ ಸಂಬಳವಿದೆ. ಆದ್ದರಿಂದ ‘ವಸ್ತುವಿನ ತಪ್ಪೇನೂ ಇಲ್ಲ’ ಎಂಬ ವಾದವನ್ನು ಈಚಲು ಮರ ತನ್ನ ಪರವಾಗಿ ಮಂಡಿಸಬಹುದು. ಫೋನಿನ ಪರವಾಗಿ ಮಂಡಿಸಲು ಒಪ್ಪುವುದಿಲ್ಲ.

ಕೊನೆಯಲ್ಲಿ ಮರದ ಬೇಡಿಕೆಗಳೇನು ಎಂದು ಕೇಳಲಾಯಿತು. ಒಂದೇ ಇತ್ತು: ಕೇಸು ಹಾಕುವುದಾದರೆ ಮಹಜರಿನಲ್ಲಿ ಗಡಿಗೆ ಇಳಿಸಿದ ಹೊತ್ತನ್ನು ತಪ್ಪದೆ ಬರೆಯಬೇಕು. ಪಾವಗಡದ ತಿರುಮಣಿ ಕಡೆಯ ಸೌರ ಪಾರ್ಕಿನಲ್ಲಿ ಬಿಸಿಲಿಗೇ ಗುತ್ತಿಗೆಯ ಕರಾರು ಬರೆಯುವವರಿಗೆ ಗಡಿಯಾರ ನೋಡಿ ಬರೆಯುವುದು ಕಷ್ಟವಾಗಬಾರದು ಎಂದಿತು.

ಸಂದರ್ಶನ ಮುಗಿದಾಗ ಮಧ್ಯಾಹ್ನ ಹನ್ನೆರಡೂವರೆ. ಸಂದರ್ಶಕರ ಚೀಲದಲ್ಲಿ ನಂದಿನಿ ಮಜ್ಜಿಗೆಯ ಎರಡು ಪ್ಯಾಕೆಟ್ ಇದ್ದವು. ಅವರು ರಸ್ತೆಯ ಕಡೆ ಒಮ್ಮೆ ನೋಡಿ, ಐವತ್ತು ಹೆಜ್ಜೆ ಆಚೆಯ ಬೇವಿನ ಮರದ ಕೆಳಗೆ ಹೋಗಿ ಕುಡಿದರು.