ಮೈನಸ್ 4.88ರ ಮಿತ್ರರಿಗೆ ಬಹಿರಂಗ ಪತ್ರ

ಇವರಿಗೆ: ರಾಜಕೀಯ ಕ್ವಿಜ್ ಮುಗಿಸಿ, ಸ್ಕ್ರೀನ್‌ಶಾಟ್ ಹಾಕಿ, ಗೆಳೆಯರ ಸ್ಕ್ರೀನ್‌ಶಾಟಿಗಾಗಿ ಕಾದಿರುವ ಸಮಸ್ತರಿಗೆ
ವಿಷಯ: ಚುಕ್ಕೆಗಳ ಹೋಲಿಕೆಯ ಬಗ್ಗೆ

ಮಾನ್ಯರೇ,

ರಾಜಕೀಯ ಕ್ವಿಜ್ ಎಂಬುದು ಮನುಷ್ಯನ ರಾಜಕೀಯವನ್ನು ಒಂದು ಲೋಟ ಕಾಫಿ ಆರುವುದರೊಳಗೆ ಚುಕ್ಕೆಯಾಗಿ ಇಳಿಸಿಕೊಡುವ ಆನ್‌ಲೈನ್ ಪ್ರಶ್ನಾವಳಿ. ಸಿಕ್ಕ ಚುಕ್ಕೆಯನ್ನು ಗೆಳೆಯರ ಚುಕ್ಕೆಯ ಪಕ್ಕ ಇಟ್ಟು ನೋಡುವುದು ಇದರ ಎರಡನೆಯ ಭಾಗ, ಅಸಲಿ ಭಾಗವೂ ಅದೇ. ಮೊದಲನೆಯದಕ್ಕೆ ಸ್ವಲ್ಪ ಪ್ರಾಮಾಣಿಕತೆ ಬೇಕು. ಎರಡನೆಯದಕ್ಕೆ ವಾಟ್ಸ್‌ಆ್ಯಪ್ ಗುಂಪು ಸಾಕು.

ಎಡ, ಬಲ ಎಂಬ ಹೆಸರುಗಳು 1789ರ ಫ್ರಾನ್ಸಿನ ರಾಷ್ಟ್ರೀಯ ಸಭೆಯಲ್ಲಿ ಯಾರು ಅಧ್ಯಕ್ಷರ ಯಾವ ಕಡೆ ಕುಳಿತರು ಎಂಬುದರಿಂದ ಹುಟ್ಟಿದವು. ಒಂದೇ ಗೆರೆ ಸಾಲದೆಂದು ಮನಶ್ಶಾಸ್ತ್ರಜ್ಞ ಹ್ಯಾನ್ಸ್ ಐಸೆಂಕ್ 1954ರಲ್ಲಿ ಎರಡನೆಯದನ್ನೂ ಎಳೆದರು. ಮುಂದೆ ಅಮೆರಿಕದ ಲಿಬರ್ಟೇರಿಯನ್ ಪಕ್ಷದ ಸ್ಥಾಪಕರಲ್ಲೊಬ್ಬರಾದ ಡೇವಿಡ್ ನೋಲನ್ ತಮ್ಮದೊಂದು ನಕ್ಷೆ ರಚಿಸಿದರು. ಅದರಲ್ಲಿ ಎಲ್ಲ ಬಗೆಯ ಸ್ವಾತಂತ್ರ್ಯವೂ ಬಂದು ಸೇರುವ ಮೂಲೆ ಅವರ ಪಕ್ಷದ್ದೇ ಆಗಿತ್ತು. ನಕ್ಷೆ ಬರೆದವರ ಮನೆಗೆ ಒಳ್ಳೆಯ ಮೂಲೆ ಸಿಗುವುದು ಈ ಶಾಸ್ತ್ರದ ಮೊದಲ ನಿಯಮ.

2001ರಲ್ಲಿ ಬಂದ ‘ಪೊಲಿಟಿಕಲ್ ಕಂಪಾಸ್’ ತಾಣದ ಕ್ವಿಜ್ ಮಿತ್ರಮಂಡಳಿಗಳ ಪಾಲಿಗೆ ಪ್ರಮಾಣಗ್ರಂಥ. ಆರು ಪುಟ, 62 ಹೇಳಿಕೆ. ಪ್ರತಿಯೊಂದಕ್ಕೂ ನಾಲ್ಕೇ ಉತ್ತರ: ಒಪ್ಪಿಗೆ, ಬಲವಾದ ಒಪ್ಪಿಗೆ, ಅಸಮ್ಮತಿ, ಬಲವಾದ ಅಸಮ್ಮತಿ. ‘ಗೊತ್ತಿಲ್ಲ’ ಎನ್ನುವವರಿಗೆ ಇಲ್ಲಿ ಜಾಗವಿಲ್ಲ. ಅಡ್ಡಗೆರೆ ಆರ್ಥಿಕ ನೀತಿಯದು, ಉದ್ದಗೆರೆ ಅಧಿಕಾರದ್ದು. ಎರಡೂ ಮೈನಸ್ 10ರಿಂದ ಪ್ಲಸ್ 10ರವರೆಗೆ. ಉತ್ತರ ಊಹೆಯದಾದರೂ ಫಲಿತಾಂಶ ದಶಮಾಂಶದ ಎರಡನೆಯ ಸ್ಥಾನದವರೆಗೆ ನಿಖರ. ಒಬ್ಬಾತ ಮೈನಸ್ 4.88, ಇನ್ನೊಬ್ಬಾತ ಮೈನಸ್ 5.12 ಎಂದು ಗೊತ್ತಾದರೆ ಮಧ್ಯರಾತ್ರಿಯವರೆಗೆ ವಾದಿಸಲು ವಸ್ತು ಸಿಕ್ಕಂತೆ.

ಈ ಅಂತರ ಬಹಳ ಸಲ ಸಿದ್ಧಾಂತದ್ದಲ್ಲ, ಸ್ವಭಾವದ್ದು. ಎಲ್ಲ ವಿಷಯದಲ್ಲೂ ಒಂದೇ ಅಭಿಪ್ರಾಯದ ಇಬ್ಬರಲ್ಲಿ ‘ಬಲವಾಗಿ’ ಎಂಬ ಗುಂಡಿಯನ್ನೇ ಒತ್ತುವ ರೂಢಿಯವನು ಅಂಚಿಗೆ ಹೋಗಿ ಕ್ರಾಂತಿಕಾರಿ ಎನಿಸಿಕೊಳ್ಳುತ್ತಾನೆ. ಅದನ್ನೇ ಮೆಲ್ಲಗೆ ಹೇಳುವವನು ನಡುವೆ ಉಳಿದು ಅಡ್ಡಗೋಡೆ ಮೇಲಿನ ದೀಪವೆಂಬ ಬಿರುದು ಹೊರುತ್ತಾನೆ. ಅರ್ಧ ಹೇಳಿಕೆಗಳಲ್ಲಿ ಉಗ್ರ ಎಡ, ಇನ್ನರ್ಧದಲ್ಲಿ ಉಗ್ರ ಬಲವಾದ ಮೂರನೆಯವನೂ ಕೂಡಿ ಕಳೆದ ಮೇಲೆ ಅದೇ ನಡುವಿಗೆ ಬಂದು ಕೂರುತ್ತಾನೆ. ಮೆಲ್ಲಗೆ ಹೇಳುವವನ ಮತ್ತು ಈ ಮೂರನೆಯವನ ಚುಕ್ಕೆಗಳು ಒಂದರ ಮೇಲೊಂದು ಬಿದ್ದದ್ದನ್ನು ನೋಡಿ ಗುಂಪು ಚಪ್ಪಾಳೆಯ ಇಮೋಜಿ ಒತ್ತುತ್ತದೆ.

ಹೋಲಿಕೆ ಗೆಳೆಯರಿಗಷ್ಟೇ ನಿಲ್ಲುವುದಿಲ್ಲ. ತಾಣವೇ ಇತಿಹಾಸಪುರುಷರನ್ನು ನಕ್ಷೆಯಲ್ಲಿ ಕೂರಿಸಿದೆ. ಕೆಳಗಿನ ಎಡ ಚೌಕದಲ್ಲಿ ಗಾಂಧಿ ಇದ್ದಾರೆ. 1948ರಲ್ಲೇ ತೀರಿಕೊಂಡ ಗಾಂಧಿ 62 ಹೇಳಿಕೆಗಳಲ್ಲಿ ಒಂದಕ್ಕೂ ಉತ್ತರಿಸಿದವರಲ್ಲ. ಆದರೂ ‘ಗಾಂಧಿ ಪಕ್ಕದಲ್ಲೇ ಬಂದೆ’ ಎಂದು ಹೇಳಿಕೊಳ್ಳುವ ಮಿತ್ರರ ದನಿಯಲ್ಲಿ ಸೈಟು ಸಿಕ್ಕವರ ಸಂಭ್ರಮವಿರುತ್ತದೆ. ಅಮೆರಿಕದ ಪ್ರಮುಖ ಅಧ್ಯಕ್ಷೀಯ ಅಭ್ಯರ್ಥಿಗಳನ್ನು ತಾಣ ಹೆಚ್ಚಾಗಿ ಮೇಲಿನ ಬಲ ಚೌಕಕ್ಕೆ ಕಳಿಸುತ್ತದೆ. ಉತ್ತರಿಸಿದವರು ಸಂತರ ಕೇರಿಗೆ, ಅವರು ಬೈಯುವವರು ಎದುರು ಕೇರಿಗೆ. ಗ್ರಾಹಕರು ಮತ್ತೆ ಬರಲು ಇನ್ನೇನು ಬೇಕು?

ಜ್ಯೋತಿಷ್ಯ ಅನೇಕ ಸಂಗತಿಗಳನ್ನು ಸರಿಯಾಗಿ ವಿವರಿಸುತ್ತದೆ ಎಂಬರ್ಥದ ಹೇಳಿಕೆಯೂ ಈ 62ರಲ್ಲಿದೆ. ಅದಕ್ಕೆ ‘ಬಲವಾದ ಅಸಮ್ಮತಿ’ ಒತ್ತಿದವರೇ ಐದು ನಿಮಿಷದ ನಂತರ ಚೌಕದ ಕುಂಡಲಿಗಳನ್ನು ಎದುರುಬದುರು ಇಟ್ಟು, 36ಕ್ಕೆ ಎಷ್ಟು ಗುಣ ಕೂಡಿತು ಎಂದು ನೋಡುತ್ತಿರುತ್ತಾರೆ. ಕುಡಿಯುವ ನೀರು ಬಾಟಲಿಯ ಸರಕಾದುದು ವಿಷಾದದ ಸಂಗತಿಯೇ ಎಂದು ಈ ಪ್ರಶ್ನಾವಳಿ ಕೇಳುತ್ತದೆ. ಕಾವೇರಿ ನೀರಿನ ಬಗ್ಗೆ ಕೇಳುವುದಿಲ್ಲ. ವರ್ಗ ಉಂಟು, ಜಾತಿ ಇಲ್ಲ. ಹೀಗಾಗಿ ಬೆಂಗಳೂರಿನ ಗೆಳೆಯರ ಗುಂಪೊಂದು ನಕ್ಷೆಯಲ್ಲಿ ಒಮ್ಮತ ಸಾಧಿಸುವುದು ಸುಲಭ. ಜಗಳವಾಗಬಹುದಾದ ಪ್ರಶ್ನೆ ಪತ್ರಿಕೆಯಲ್ಲೇ ಇರುವುದಿಲ್ಲ.

ಬೇರೆ ಜಾತಿಯ ಕ್ವಿಜ್‌ಗಳೂ ಇವೆ. 1989ರಲ್ಲಿ ನೆದರ್ಲೆಂಡ್ಸ್‌ನಲ್ಲಿ ಆರಂಭವಾದ ‘ಸ್ಟೆಮ್‌ವೈಸರ್’ನ ಮಾದರಿಯಲ್ಲಿ ಜರ್ಮನಿಯ ಸರ್ಕಾರಿ ಪೌರಶಿಕ್ಷಣ ಸಂಸ್ಥೆ 2002ರಿಂದ ‘ವಾಲ್-ಓ-ಮಾಟ್’ ನಡೆಸುತ್ತಿದೆ. ಅಲ್ಲಿ ಪಕ್ಷಗಳೇ ಉತ್ತರ ಕಳಿಸುತ್ತವೆ, ತಟಸ್ಥರಿಗೂ ಗುಂಡಿಯಿದೆ, ಮುಖ್ಯವೆನಿಸಿದ ವಿಷಯಕ್ಕೆ ಇಮ್ಮಡಿ ತೂಕ ಕೊಡಬಹುದು. ಆದರೆ ಕೊನೆಗೆ ಬರುವುದು ಪಕ್ಷದ ಹೆಸರು. ಚುಕ್ಕೆಯನ್ನು ಹಂಚಿದಷ್ಟು ಲೀಲಾಜಾಲವಾಗಿ ಅದನ್ನು ಹಂಚಲಾಗದು. ಮರುದಿನ ಯಾರಾದರೂ ‘ಹಾಗಾದರೆ ಅವರಿಗೇ ಓಟಾ?’ ಎಂದು ಕೇಳಿಯಾರು.

ಫಲಿತಾಂಶವನ್ನು ಗೆಳೆಯರಲ್ಲದವರೂ ಹೋಲಿಸುತ್ತಾರೆ. ರಾಜಕೀಯ ಸಲಹಾ ಸಂಸ್ಥೆ ಕೇಂಬ್ರಿಡ್ಜ್ ಅನಲಿಟಿಕಾದ ಮಾಹಿತಿ ಸೋರಿಕೆ ಹಗರಣದ ಮೂಲ ಫೇಸ್‌ಬುಕ್‌ನ ಒಂದು ವ್ಯಕ್ತಿತ್ವ ಕ್ವಿಜ್. 2018ರಲ್ಲಿ ಫೇಸ್‌ಬುಕ್ ಕೊಟ್ಟ ಲೆಕ್ಕದಂತೆ ಭಾರತದಲ್ಲಿ ಆ ಕ್ವಿಜ್‌ನ ಆ್ಯಪ್ ಹಾಕಿಕೊಂಡವರು 335 ಮಂದಿ. ಮಾಹಿತಿ ಸೋರಿರಬಹುದಾದವರು 5,62,455. ಉಳಿದ 5,62,120 ಮಂದಿ ಒಂದು ಪ್ರಶ್ನೆಗೂ ಉತ್ತರಿಸಿದವರಲ್ಲ, ಉತ್ತರಿಸಿದವರ ಗೆಳೆಯರು.

ಇಂತಿ,
ಒಬ್ಬ ಮತದಾರ