ಮಡಿ ಕೆಡಿಸಿದ ಮೋಡೆಮ್

ಹುಚ್ಚು ಬಿಡುವ ತನಕ ಮದುವೆಯಿಲ್ಲ, ಮದುವೆಯಾಗುವ ತನಕ ಹುಚ್ಚು ಬಿಡುವುದಿಲ್ಲ ಎಂದು ಗಾದೆ ಕಟ್ಟಿದ ಪುಣ್ಯಾತ್ಮ, ನನ್ನ ಲೆಕ್ಕದಲ್ಲಿ, ಲ್ಯಾಪ್‌ಟಾಪಿಗೆ ವಿಂಡೋಸ್ ಬದಲು ಲಿನಕ್ಸ್ ಹಾಕಿಕೊಂಡು ಅದರ ಹೊಟ್ಟೆಯೊಳಗಿನ ಡಯಲ್-ಅಪ್ ಮೋಡೆಮನ್ನು ಎಬ್ಬಿಸಲು ಹೊರಟಿದ್ದವನೇ ಇರಬೇಕು. ಇಂಟರ್ನೆಟ್ ಬರಬೇಕಾದರೆ ಮೋಡೆಮ್ ನಡೆಯಬೇಕು. ಮೋಡೆಮ್ ನಡೆಯಬೇಕಾದರೆ ಡ್ರೈವರ್ ಎಂಬ ತಂತ್ರಾಂಶ ಬೇಕು. ಡ್ರೈವರ್ ಎಲ್ಲಿದೆಯಪ್ಪಾ ಎಂದರೆ, ಇಂಟರ್ನೆಟ್ಟಿನಲ್ಲಿದೆ!

ನಮ್ಮ ಭಾವ ಈ ಸುಳಿಗೆ ಬಿದ್ದದ್ದು 2004ರ ಸುಮಾರಿಗೆ, ಇಬ್ರಾಹಿಂಪಟ್ನಂನಲ್ಲಿ. ಅಕ್ಕನ ಗಂಡನನ್ನು ಆಡಿಕೊಳ್ಳುವುದು ತಮ್ಮನಾದವನ ಜನ್ಮಸಿದ್ಧ ಹಕ್ಕು. ಆ ಹಕ್ಕನ್ನು ಪೂರ್ತಿ ಚಲಾಯಿಸುವಷ್ಟು ಸರಕನ್ನು ಆ ಮನುಷ್ಯ ಒದಗಿಸಿಕೊಟ್ಟ ಎಂಬ ಕೃತಜ್ಞತೆಯೂ ನನಗಿದೆ.

ವಿಜಯವಾಡದಿಂದ ಹೈದರಾಬಾದಿನ ಹೆದ್ದಾರಿ ಹಿಡಿದರೆ ಸ್ವಲ್ಪ ಹೊತ್ತಿಗೆಲ್ಲ ಇಬ್ರಾಹಿಂಪಟ್ನಂ. ಪಕ್ಕದಲ್ಲೇ ಮರದ ಬೊಂಬೆಗಳ ಕೊಂಡಪಲ್ಲಿ. ಕೃಷ್ಣದೇವರಾಯ ಕಳಿಂಗದ ದಂಡಯಾತ್ರೆಯಲ್ಲಿ ಮುತ್ತಿಗೆ ಹಾಕಿ ಗೆದ್ದ ಕೋಟೆಯೂ ಅಲ್ಲೇ ಗುಡ್ಡದ ಮೇಲಿದೆ. ಊರಿನ ದೊಡ್ಡಸ್ತಿಕೆಯೆಂದರೆ ಉಷ್ಣವಿದ್ಯುತ್ ಸ್ಥಾವರ. 1979ರಲ್ಲಿ ಮೊದಲ ಘಟಕ ಶುರುವಾಗಿ, 1995ರ ಹೊತ್ತಿಗೆ 210 ಮೆಗಾವಾಟಿನ ಆರು ಘಟಕಗಳು ನಿಂತಿದ್ದವು. ಭಾವ ರಾಯಚೂರಿನ ಶಕ್ತಿನಗರದಲ್ಲಿ ಗುತ್ತಿಗೆದಾರರೊಬ್ಬರ ಕೈಕೆಳಗೆ ಬಾಯ್ಲರ್ ರಿಪೇರಿ ಕಲಿತವನು. ಅಲ್ಲಿಯೂ 210 ಮೆಗಾವಾಟಿನ ಘಟಕಗಳು, ಅಲ್ಲಿಯೂ ಕೃಷ್ಣಾ ನದಿಯ ನೀರು. ಹೊಳೆಯ ಗುಂಟ ಕೆಳಕ್ಕಿಳಿದು ಬಂದೆ, ಅಷ್ಟೇ ಎನ್ನುತ್ತಿದ್ದ. ಆರೂ ಘಟಕ ಸೇರಿ 1,260 ಮೆಗಾವಾಟ್ ಹೊರಡಿಸುವ ಸ್ಥಾವರದಲ್ಲಿ ಹಗಲಿಡೀ ದುಡಿದು ಬಂದ ಮನುಷ್ಯನಿಗೆ ರಾತ್ರಿ ಸೆಕೆಂಡಿಗೆ 56 ಸಾವಿರ ಬಿಟ್ಟುಗಳನ್ನು ಮನೆಯೊಳಕ್ಕೆ ಕರೆದುಕೊಳ್ಳಲು ಆಗಲಿಲ್ಲ ಎಂಬುದನ್ನು ನಾನು ಹೇಳಿಕೊಂಡು ತಿರುಗದೆ ಇನ್ನಾರು ತಿರುಗಬೇಕು?

ಲಿನಕ್ಸ್ ಅವನಿಗೆ ಅಂಟಿದ್ದು ಪತ್ರಿಕೆಯ ಸಿ.ಡಿ.ಯಿಂದ. ಪಿಸಿ ಕ್ವೆಸ್ಟ್ ಪತ್ರಿಕೆ 1996ರಲ್ಲೇ ಲಿನಕ್ಸ್ ಸಿ.ಡಿ. ಹಂಚಿ ಊರೂರಿನ ಹುಡುಗರ ತಲೆ ಕೆಡಿಸಿತ್ತು. ಬೆಂಗಳೂರಿನಲ್ಲಿ 2001ರಿಂದ ‘ಲಿನಕ್ಸ್ ಬೆಂಗಳೂರು’ ಸಮ್ಮೇಳನ ನಡೆಯುತ್ತಿತ್ತು. ಭಾವ ಒಮ್ಮೆ ಅಲ್ಲಿಗೆ ಹೋಗಿ, ಒಂದು ಟೀ ಷರ್ಟು ಮತ್ತು ಒಂದು ವ್ರತ ತಂದುಕೊಂಡ. ವ್ರತ ಏನೆಂದರೆ, ಇನ್ನು ಮೇಲೆ ಮನೆಯಲ್ಲಿ ಮುಕ್ತ ತಂತ್ರಾಂಶ ಬಿಟ್ಟು ಬೇರೆ ಯಾವುದನ್ನೂ ಮುಟ್ಟುವುದಿಲ್ಲ. ಹೊಸ ಲ್ಯಾಪ್‌ಟಾಪಿನಲ್ಲಿದ್ದ ವಿಂಡೋಸನ್ನು ಅಳಿಸಿಹಾಕಿದ. ಪರದೆ ಬಂತು, ಇಲಿ ಓಡಿತು, ಹಾಡು ಕೇಳಿಸಿತು. ಫೋನಿನ ತಂತಿ ಚುಚ್ಚಿದರೆ ಮಾತ್ರ ಸ್ಮಶಾನಮೌನ.

ಮೋಡೆಮ್ ಕಂಪನಿಗಳು ಮಾಡಿಟ್ಟಿದ್ದ ಚಮತ್ಕಾರ ಇದು. ಹಳೆಯ ಕಾಲದ ಮೋಡೆಮ್ ಒಂದು ಸ್ವತಂತ್ರ ಪ್ರಾಣಿ. 1981ರಲ್ಲಿ ಹೇಯ್ಸ್ ಕಂಪನಿ ಸೆಕೆಂಡಿಗೆ 300 ಬಿಟ್ಟಿನ ಸ್ಮಾರ್ಟ್‌ಮೋಡೆಮ್ ತಂದಾಗಿನಿಂದ, ‘ಎಟಿ’ ಎಂದು ಶುರುಮಾಡಿ ಏನು ಬರೆದರೂ ಅದು ಅರ್ಥ ಮಾಡಿಕೊಳ್ಳುತ್ತಿತ್ತು. ‘ಎಟಿಡಿಟಿ’ ಎಂದು ನಂಬರು ಕೊಟ್ಟರೆ ಡಯಲ್ ಮಾಡುತ್ತಿತ್ತು. ಕೇಳುವ ಕಂಪ್ಯೂಟರು ಯಾವುದಾದರೂ ಅದಕ್ಕೇನು? ಲೆಕ್ಕ ಹಾಕುವ ಚಿಪ್ಪು, ಅಪ್ಪಣೆ ಕೇಳುವ ಚಿಪ್ಪು ಎರಡೂ ಅದರೊಳಗೇ ಇದ್ದವು. ಆಮೇಲೆ ಯಾರಿಗೋ ಹೊಳೆಯಿತು: ಕಂಪ್ಯೂಟರಿನಲ್ಲೇ ಪೆಂಟಿಯಂ ಕೂತಿರುವಾಗ ಮೋಡೆಮಿಗೆ ಬೇರೆ ಮೆದುಳು ಯಾಕೆ? ಕೆಲವರು ಅಪ್ಪಣೆಯ ಚಿಪ್ಪನ್ನು ಕಿತ್ತರು, ಕೆಲವರು ಲೆಕ್ಕದ ಚಿಪ್ಪನ್ನೂ ಕಿತ್ತರು. ಲ್ಯಾಪ್‌ಟಾಪಿನಲ್ಲಿ ಉಳಿದದ್ದು ಎರಡು ಬೆರಳಗಲದ ಪಟ್ಟಿ, ಒಂದು ಫೋನಿನ ಕಿಂಡಿ. ಬಾಕಿ ಕೆಲಸವೆಲ್ಲ ತಂತ್ರಾಂಶದ ಪಾಲಿಗೆ. ಆ ತಂತ್ರಾಂಶ ಬರೆದದ್ದು ವಿಂಡೋಸಿಗೆ ಮಾತ್ರ. ಅದಕ್ಕೇ ಈ ಜಾತಿಗೆಲ್ಲ ವಿನ್‌ಮೋಡೆಮ್ ಎಂದೇ ಹೆಸರು ಬಿತ್ತು.

ಅಂದರೆ ಭಾವ ದುಡ್ಡು ಕೊಟ್ಟು ಕೊಂಡದ್ದು ಮೋಡೆಮನ್ನಲ್ಲ, ಮೋಡೆಮ್ ಇರಬೇಕಾಗಿದ್ದ ಜಾಗವನ್ನು. ಹಾಗೆಂದು ಹೇಳಿದ್ದಕ್ಕೆ ಅವನು, “ಹಂಗಲ್ಲಪ, ತಂತ್ರಾಂಶ ಬರೆದ್ರ ಎಲ್ಲಾ ಆಗ್ತದ” ಎಂದ. ಹೊರಗೆ ಹಾಕುವ ಸೀರಿಯಲ್ ಮೋಡೆಮ್ ಒಂದನ್ನು ತಂದಿದ್ದರೆ ಅಂದೇ ಸಂಜೆ ಕೆಲಸ ಮುಗಿಯುತ್ತಿತ್ತು, ಲಿನಕ್ಸಿಗೂ ಅದಕ್ಕೂ ಮೊದಲಿನಿಂದ ಸ್ನೇಹ. ಈ ಸಲಹೆ ಕೊಟ್ಟ ದಿನ ಭಾವ ನನ್ನ ಜೊತೆ ಊಟಕ್ಕೆ ಕೂರಲಿಲ್ಲ.

ಡ್ರೈವರಿನ ಬೇಟೆ ಶುರುವಾಯಿತು. ಪಾಳಿ ಮುಗಿಸಿದವನು ಸ್ಕೂಟರ್ ಹತ್ತಿ ರಿಂಗ್ ಸೆಂಟರ್ ಎಂಬಲ್ಲಿದ್ದ ಬ್ರೌಸಿಂಗ್ ಅಂಗಡಿಗೆ ಹೋಗುವುದು, ವಿಂಡೋಸ್ ಮುಂದೆ ಕೂತು ಲಿನಕ್ಸಿನ ಕಡತ ಇಳಿಸುವುದು, ಫ್ಲಾಪಿಗೆ ತುಂಬಿಕೊಂಡು ಮನೆಗೆ ಬರುವುದು. ಫ್ಲಾಪಿಯ ಹೊಟ್ಟೆ 1.44 ಎಂಬಿ. ಡ್ರೈವರ್ ಅದರಲ್ಲಿ ಹಿಡಿಸಿತು. ಮನೆಗೆ ಬಂದು ನೋಡಿದರೆ ಡ್ರೈವರನ್ನು ಕಟ್ಟಲು ಲಿನಕ್ಸಿನ ತಿರುಳಾದ ಕರ್ನಲ್‌ನ ಹೆಡರ್ ಕಡತಗಳು ಬೇಕು. ಮತ್ತೆ ಸ್ಕೂಟರ್. ಹೆಡರ್ ಬಂದರೆ ಕರ್ನಲ್ ಒಂದು ಆವೃತ್ತಿಯದು, ಹೆಡರ್ ಇನ್ನೊಂದು ಆವೃತ್ತಿಯದು. ಮತ್ತೆ ಸ್ಕೂಟರ್. ಮೇ ತಿಂಗಳ ವಿಜಯವಾಡದ ಬಿಸಿಲನ್ನು ಕಂಡವರಿಗೆ ಈ ‘ಮತ್ತೆ ಸ್ಕೂಟರ್’ ಎಂಬುದರ ತೂಕ ತಿಳಿದೀತು. ಬಿಟ್ಟುಗಳು ಅವನ ಮನೆಗೆ ಬಂದದ್ದು ಪೆಟ್ರೋಲಿನ ಮೇಲೆ. ದೂರವಾಣಿ ಇಲಾಖೆಗಿಂತ ಈ ಮಾರ್ಗದ ವೇಗವೇ ಹೆಚ್ಚೆಂದು ನಾನು ಲೆಕ್ಕ ಹಾಕಿ ತೋರಿಸಿದೆ. ಅದಕ್ಕೂ ಊಟ ತಪ್ಪಿತು.

ಡ್ರೈವರ್ ಕೊನೆಗೂ ಒಳಗೆ ಹೋಯಿತು. ಆಗ ಎದುರಾಯಿತು ಮಡಿಯ ಪ್ರಶ್ನೆ.

ಭಾವನ ತಾಯಿ ಆ ಮನೆಯಲ್ಲಿ ಮಡಿಯ ಮೇಲ್ವಿಚಾರಕಿ. ಆದರೆ ಲಿನಕ್ಸ್ ಕರ್ನಲ್‌ನ ಮಡಿಯ ಮುಂದೆ ಆ ಅಜ್ಜಿ ಎಷ್ಟೋ ಉದಾರಿ. ಮೂಲಸಂಕೇತ ಬಚ್ಚಿಟ್ಟುಕೊಂಡ ಡ್ರೈವರ್ ಒಂದು ಒಳಗೆ ಕಾಲಿಟ್ಟಿತೋ, ಕರ್ನಲ್ ಕೂಡಲೇ ತಾನು ‘ಟೇಂಟೆಡ್’ ಆದೆನೆಂದು ಘೋಷಿಸಿಕೊಳ್ಳುತ್ತದೆ. ಮೈಲಿಗೆಯಾಯಿತು, ಇನ್ನು ಏನೇ ಕೆಟ್ಟರೂ ನಮ್ಮ ಹತ್ತಿರ ದೂರು ತರಬೇಡಿ ಎಂದು ಅದನ್ನು ಬರೆದವರ ತೀರ್ಮಾನ. ಮತ್ತೆ ಶುದ್ಧವಾಗಬೇಕಾದರೆ ಯಂತ್ರಕ್ಕೆ ತಲೆಸ್ನಾನ, ಅಂದರೆ ರೀಬೂಟ್. ವ್ರತ ತೊಟ್ಟ ಭಾವನಿಗೆ ಪರದೆಯ ಮೇಲೆ ಈ ಮಾತು ಕಂಡಾಗ ಮುಖ ಇಷ್ಟಾಯಿತು. ಮೋಡೆಮ್ ಸಿಕ್ಕಿತು, ಮಡಿ ಹೋಯಿತು.

ಇದೇ ಮಡಿಯ ವಿಷಯದಲ್ಲಿ ಆ ವರ್ಷ ಜಗತ್ತಿನಲ್ಲೇ ಒಂದು ರಗಳೆಯಾಗಿತ್ತು. ಲಿನಕ್ಸೆಂಟ್ ಎಂಬ ಕಂಪನಿ ಕೊನೆಕ್ಸೆಂಟ್ ಚಿಪ್ಪಿನ ಮೋಡೆಮ್‌ಗಳಿಗೆ ಲಿನಕ್ಸ್ ಡ್ರೈವರ್ ಕೊಡುತ್ತಿತ್ತು. ಪುಕ್ಕಟೆ ಆವೃತ್ತಿಗೆ 14.4 ಕೆಬಿಪಿಎಸ್ ಮಿತಿ; 56ಕ್ಕೆ ಏರಬೇಕಾದರೆ ಡಾಲರ್ ಬಿಚ್ಚಬೇಕು. 14.4ರಲ್ಲಿ 700 ಎಂಬಿಯ ಒಂದು ಸಿ.ಡಿ. ಇಳಿಸಲು ಹಗಲು ರಾತ್ರಿ ಸೇರಿ ಸುಮಾರು ನಾಲ್ಕೂವರೆ ದಿನ. 56ರಲ್ಲಿ, ತಂತಿ ಒಂದಿಷ್ಟೂ ಗೊಣಗದಿದ್ದರೆ, ಸುಮಾರು 28 ಗಂಟೆ. ಅದಿರಲಿ. ಡ್ರೈವರ್ ಒಳಗೆ ಬರುವಾಗ ತನ್ನ ಪರವಾನಗಿ ಯಾವುದೆಂದು ಹೇಳಿಕೊಳ್ಳಬೇಕು. ಮುಕ್ತ ತಂತ್ರಾಂಶದ ಪರವಾನಗಿಯಾದ ‘ಜಿಪಿಎಲ್’ ಎಂದರೆ ಮಡಿಯುಟ್ಟವರೆಂದು ಲೆಕ್ಕ. ಈ ಕಂಪನಿ ಏನು ಮಾಡಿತೆಂದರೆ, ‘ಜಿಪಿಎಲ್’ ಎಂದು ಬರೆದು, ಅದರ ಪಕ್ಕ ಒಂದು ಶೂನ್ಯ ಅಕ್ಷರ ಇಟ್ಟು, ಆಮೇಲೆ ‘ಇದು ಜಿಪಿಎಲ್ ಎಂಬ ಫೋಲ್ಡರಿನ ಕಡತಗಳಿಗೆ ಮಾತ್ರ’ ಎಂಬರ್ಥದ ಮಾತು ಸೇರಿಸಿತು. ಕರ್ನಲ್ ಬರೆದಿರುವ ಸಿ ಭಾಷೆಯಲ್ಲಿ ಶೂನ್ಯ ಅಕ್ಷರ ಬಂದರೆ ವಾಕ್ಯ ಮುಗಿಯಿತು. ಕರ್ನಲ್ ‘ಜಿಪಿಎಲ್’ ಅಷ್ಟನ್ನೇ ಓದಿ ಬಾಗಿಲು ತೆರೆಯಿತು. ಅಶ್ವತ್ಥಾಮ ಸತ್ತನೆಂದು ಗಟ್ಟಿಯಾಗಿಯೂ ಆನೆಯೆಂದು ಮೆಲ್ಲಗೂ ಹೇಳಿದ ಧರ್ಮರಾಯನಿಗೆ ಕಲಿಯುಗದಲ್ಲಿ ಇಷ್ಟು ಒಳ್ಳೆಯ ಶಿಷ್ಯರು ಸಿಕ್ಕಿದ್ದು ಸಂತೋಷವೇ. ಗುಟ್ಟು ರಟ್ಟಾದಾಗ ಕರ್ನಲ್ ಬರೆಯುವವರು ಕೆಂಡವಾದರು. ಮೈಲಿಗೆಯ ಎಚ್ಚರಿಕೆ ಮತ್ತೆ ಮತ್ತೆ ಬಂದು ಗಿರಾಕಿಗಳು ಗಾಬರಿಯಾಗುತ್ತಿದ್ದರು, ಅದಕ್ಕೇ ಹೀಗೆ ಮಾಡಿದೆವು ಎಂದು ಕಂಪನಿಯ ಸಮಜಾಯಿಷಿ.

ಭಾವ ಈ ಕತೆಯನ್ನು ನನಗೆ ಹೇಳಿದ್ದು ಅನ್ಯಾಯವಾಯಿತೆಂಬ ಸಿಟ್ಟಿನಲ್ಲಿ. ನಾನು ನಕ್ಕಿದ್ದಕ್ಕೆ ಇನ್ನೊಂದಿಷ್ಟು ಸಿಟ್ಟು.

ಮೈಲಿಗೆಯನ್ನು ನುಂಗಿಕೊಂಡು ಡಯಲ್ ಮಾಡಿದ. ‘ನೋ ಡಯಲ್‌ಟೋನ್’ ಎಂದಿತು ಮೋಡೆಮ್. ರಿಸೀವರ್ ಎತ್ತಿದರೆ ಟೋನ್ ಗುಂಯ್ಗುಡುತ್ತಿದೆ! ಮೋಡೆಮಿನ ಕಿವಿ ಅಮೆರಿಕದ್ದು. ಅಲ್ಲಿನ ಡಯಲ್ ಟೋನ್ 350 ಮತ್ತು 440 ಹರ್ಟ್ಸ್ ಕೂಡಿದ ನಾದ. ನಮ್ಮದು 400 ಹರ್ಟ್ಸಿನ ನಾದವನ್ನು 25 ಹರ್ಟ್ಸಿನಲ್ಲಿ ಅಲುಗಾಡಿಸಿದ್ದು. ಇಬ್ರಾಹಿಂಪಟ್ನಂನ ಟೋನು ಅದಕ್ಕೆ ಟೋನೇ ಅಲ್ಲ. ‘ಎಟಿಎಕ್ಸ್3’ ಎಂದು ಬರೆದರೆ ಟೋನಿಗೆ ಕಾಯದೆ ಡಯಲ್ ಮಾಡುತ್ತದೆ ಎಂಬುದನ್ನು ಹುಡುಕಿಕೊಳ್ಳಲು, ಮತ್ತೆ ಸ್ಕೂಟರ್.

ಡಯಲ್ ಆಯಿತು. ಆ ಕಡೆಯಿಂದ 2100 ಹರ್ಟ್ಸಿನ ಉತ್ತರ ಬಂತು, ಕಿರುಚಾಟ ಕರ್ಕಶ ಎಲ್ಲ ಆಯಿತು, ಲೈನು ಕೂಡಿಕೊಂಡಿತು, ಆಮೇಲೆ ಎರಡೂ ಕಡೆ ನೀವು ಮೊದಲು ಮಾತಾಡಿ ಎಂಬಂತೆ ಕೂತುಬಿಟ್ಟವು. ಡಬ್ಲ್ಯುವಿಡಯಲ್ ಎಂಬ ತಂತ್ರಾಂಶದಲ್ಲಿ ಇದಕ್ಕೊಂದು ಮದ್ದಿದೆ. ಅದರ ಕಡತದಲ್ಲಿ ‘ಸ್ಟುಪಿಡ್ ಮೋಡ್ = 1’ ಎಂದು ಬರೆಯಬೇಕು; ಆಗ ಅದು ಜಾಣತನ ಬಿಟ್ಟು, ಆ ಕಡೆಯ ಪ್ರಶ್ನೆಗೆ ಕಾಯದೆ, ನೇರವಾಗಿ ಕೆಲಸ ಶುರುಮಾಡುತ್ತದೆ. ಇದು ನಾನು ಕಟ್ಟಿದ್ದಲ್ಲ, ನಿಜವಾಗಿಯೂ ಹಾಗೆಯೇ ಇದೆ. ಭಾವ ತನ್ನ ಕೈಯಾರೆ ಅದನ್ನು ಬರೆಯುವಾಗ ನಾನು ಹಿಂದೆಯೇ ನಿಂತಿದ್ದೆ. ಏನೂ ಅನ್ನಲಿಲ್ಲ. ಅಕ್ಕನೇ ಅಂದಳು: “ಇಷ್ಟು ದಿನ ಸೊನ್ನೆ ಇತ್ತೇನು?”

ಲೈನು ಕೂಡಿತು. 44 ಕೆಬಿಪಿಎಸ್! ಅಷ್ಟರಲ್ಲಿ ಒಳಮನೆಯಲ್ಲಿ ಅಜ್ಜಿ, ರಾಯಚೂರಿನ ಮಗಳ ಜೊತೆ ಮಾತಾಡೋಣವೆಂದು ಇನ್ನೊಂದು ಫೋನ್ ಎತ್ತಿ, “ಇದರಾಗ ಯಾರೋ ಹಲ್ಲು ಕಡೀಲಿಕತ್ಯಾರ!” ಎಂದು ಕೂಗಿದಳು. ‘ನೋ ಕ್ಯಾರಿಯರ್’ ಎಂದು ಮೋಡೆಮ್ ಕಣ್ಣು ಮುಚ್ಚಿತು.

ಅಜ್ಜಿ ಮಲಗಿದ ಮೇಲೆ ಎರಡನೆಯ ಮುಹೂರ್ತ. ಈ ಸಲ ಲೈನು ನಿಂತಿತು. ಇಷ್ಟು ಪಾಡುಪಟ್ಟು ಜಗತ್ತಿನ ಬಾಗಿಲು ತೆರೆದುಕೊಂಡವನು ಏನು ಮಾಡಿದ ಅನ್ನುತ್ತೀರಿ? ಪತ್ರಿಕೆ ಓದಿದನೇ? ತಂಗಿಗೆ ಮಿಂಚಂಚೆ ಬರೆದನೇ? ಹೊಸ ಕರ್ನಲ್ ಬಂದಿದೆಯೆಂದು ಅದರ ಮೂಲಸಂಕೇತ ಇಳಿಸಲು ಕೂತ. ಸುಮಾರು 35 ಎಂಬಿ, ಎರಡು ಗಂಟೆ ಹತ್ತಿರ. ಬೆಳಗಿನ ಜಾವ ಅದನ್ನು ಕಟ್ಟಿ, ಕೂರಿಸಿ, ರೀಬೂಟ್ ಮಾಡಿದ. ಹಳೆಯ ಕರ್ನಲ್‌ಗೆ ಕಟ್ಟಿದ್ದ ಡ್ರೈವರ್ ಹೊಸದಕ್ಕೆ ಒಗ್ಗಲಿಲ್ಲ. ಮೋಡೆಮ್ ಸತ್ತಿತು. ಕರ್ನಲ್ ಮಾತ್ರ ಪರಮ ಮಡಿ.

ಅಕ್ಕ ತಲೆ ಚಚ್ಚಿಕೊಂಡಳು. ನಾನು ಭಾವನ ಮುಖ ನೋಡಿದೆ: ಹಬ್ಬದ ಕಳೆ! ಆಗ ನನಗೆ ಗುಟ್ಟು ಹೊಳೆಯಿತು. ಈ ಪಂಗಡದವರಿಗೆ ಇಂಟರ್ನೆಟ್ ಬೇಕಾಗಿರುವುದೇ ಇಲ್ಲ. ಅವರಿಗೆ ಬೇಕಾದದ್ದು ಇಂಟರ್ನೆಟ್ ಬಾರದಿರುವುದು. ಬಂದುಬಿಟ್ಟರೆ ನನ್ನ ನಿಮ್ಮ ಹಾಗೆ ಕ್ರಿಕೆಟ್ ಸ್ಕೋರ್ ನೋಡಿಕೊಂಡು ಕೂರಬೇಕಾಗುತ್ತದೆ, ಪಾಪ.

ಹಾಗೆಂದು ಈ ಹುಚ್ಚು ದಂಡವಾಯಿತು ಎನ್ನಲಾರೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಮೇಷ್ಟ್ರುಗಳು ಮತ್ತು ಎನ್‌ಕೋರ್ ಕಂಪನಿಯವರು ಸೇರಿ 2001ರಲ್ಲಿ ಸಿಂಪ್ಯೂಟರ್ ಎಂಬ ಅಂಗೈ ಗಣಕ ತೋರಿಸಿದರಲ್ಲ, ಅದು ಲಿನಕ್ಸಿನ ಮೇಲೆಯೇ ನಡೆಯುತ್ತಿತ್ತು. ಫೋನ್ ತಂತಿಗೆ ಹೊಂದುವ ಮೋಡೆಮ್ ಅದರ ವಿನ್ಯಾಸದಲ್ಲೇ ಸೇರಿತ್ತು. ಹಳ್ಳಿಯವನ ಕೈಗೆ ಹೋಗುವ ಯಂತ್ರ, ಅದರ ಒಳಗುಟ್ಟು ಯಾರೋ ಒಬ್ಬರ ಬೀರುವಿನಲ್ಲಿ ಇರಬಾರದು ಎಂಬ ಹಟ ಅದರ ಹಿಂದಿತ್ತು. ಅದಕ್ಕೂ ಮುಂಚೆ, 1986ರಲ್ಲಿ, ಸಿ-ಡಾಟ್ ಸಂಸ್ಥೆ ನಮ್ಮಲ್ಲೇ ತಯಾರಿಸಿದ 128 ಪೋರ್ಟಿನ ಗ್ರಾಮೀಣ ದೂರವಾಣಿ ವಿನಿಮಯ ಕೇಂದ್ರ ಮೊದಲಿಗೆ ಚಾಲೂ ಆದದ್ದು ನಮ್ಮ ಕಿತ್ತೂರಿನಲ್ಲಿ. ಹೊರಗಿನವರು ಮುಚ್ಚಳ ಮುಚ್ಚಿ ಕೊಟ್ಟ ಪೆಟ್ಟಿಗೆಯನ್ನು ಕೈಮುಗಿದು ತೆಗೆದುಕೊಳ್ಳದೆ, ಒಳಗೇನಿದೆ ನೋಡೇಬಿಡೋಣ ಎಂದವರೇ ಇವರೆಲ್ಲ. ಭಾವನದೂ ಅದೇ ರೋಗ, ಸಣ್ಣ ಪ್ರಮಾಣದ್ದು. ಈ ಮಾತನ್ನು ಅವನಿಗೆ ಹೇಳಿಲ್ಲ. ಹೇಳಿದರೆ ತಲೆ ನಿಲ್ಲುವುದಿಲ್ಲ.

ಆಮೇಲಿನ ಕತೆ ಚಿಕ್ಕದು, ಭಾವನ ದೃಷ್ಟಿಯಲ್ಲಿ ದುಃಖದ್ದು. 2004ರ ಬ್ರಾಡ್‌ಬ್ಯಾಂಡ್ ನೀತಿ 256 ಕೆಬಿಪಿಎಸ್ ಅನ್ನು ಕನಿಷ್ಠ ವೇಗವೆಂದು ಗೊತ್ತುಮಾಡಿತು. ಮರುವರ್ಷದಿಂದ ಮನೆಮನೆಗೆ ಬ್ರಾಡ್‌ಬ್ಯಾಂಡ್ ಪೆಟ್ಟಿಗೆಗಳು ಬಂದವು. ಪೆಟ್ಟಿಗೆಯಿಂದ ಲ್ಯಾಪ್‌ಟಾಪಿಗೆ ಈಥರ್ನೆಟ್ ತಂತಿ ಸಿಕ್ಕಿಸಿದರೆ ಮುಗಿಯಿತು. ಲಿನಕ್ಸ್ ಕೇಳದೆಯೇ ಗುರುತು ಹಿಡಿಯಿತು. ಅಂಥ ಪೆಟ್ಟಿಗೆಗಳಲ್ಲಿ ಎಷ್ಟೋ ಒಳಗೊಳಗೇ ಲಿನಕ್ಸನ್ನೇ ನಡೆಸುತ್ತಿದ್ದವು. ಎಟಿಯೂ ಇಲ್ಲ, ಕಿರುಚಾಟವೂ ಇಲ್ಲ, ಮೈಲಿಗೆಯೂ ಇಲ್ಲ. ಭಾವ ಸೋಫಾದ ಮೇಲೆ ಕೂತು ಕ್ರಿಕೆಟ್ ಸ್ಕೋರ್ ನೋಡತೊಡಗಿದ. ಅಕ್ಕನಿಗೇ ಭಯವಾಗಿ, ಡಾಕ್ಟರಿಗೆ ತೋರಿಸಲೇ ಎಂದು ನನಗೆ ಫೋನ್ ಮಾಡಿದಳು. ಲೈನು ಬೇರೆ ಈಗ ಖಾಲಿಯೇ ಇರುತ್ತಿತ್ತಲ್ಲ.

ಡಾಕ್ಟರ್ ಬೇಡ, ಹೊಸ ಲ್ಯಾಪ್‌ಟಾಪ್ ಕೊಡಿಸು ಎಂದೆ. ನಾನೇ ಜೊತೆಗೆ ಹೋದೆ. ವಿಜಯವಾಡದ ಅಂಗಡಿಯವನು ಒಂದೊಂದಾಗಿ ತೋರಿಸಿದ. ಒಂದರಲ್ಲಿ ಲಿನಕ್ಸ್ ಹಾಕಿಯೇ ಕೊಡುತ್ತಾರೆ, ಎಲ್ಲವೂ ನಡೆಯುತ್ತದೆ, ಬೆಲೆಯೂ ಕಡಿಮೆ ಎಂದ. ಭಾವ ಆಕಳಿಸಿದ. ಇನ್ನೊಂದನ್ನು ತೆಗೆದು, ಇದರೊಳಗೆ ಹೊಸ ವೈ-ಫೈ ಕಾರ್ಡ್ ಇದೆ ಎಂದವನು, ಭಾವನ ಟೀ ಷರ್ಟಿನ ಮೇಲಿನ ಲಿನಕ್ಸ್ ಪೆಂಗ್ವಿನ್ನನ್ನು ನೋಡಿ, ಇದು ಲಿನಕ್ಸಿನಲ್ಲಿ ನಡೆಯುವುದಿಲ್ಲ ಎಂದು ತೆಲುಗಿನಲ್ಲಿ ಪ್ರಾಮಾಣಿಕವಾಗಿ ಎಚ್ಚರಿಸಿದ: “ಇದಿ ಲಿನಕ್ಸ್‌ಲೋ ಪನಿ ಚೇಯದು ಸಾರ್.”

ಭಾವ ಬೆಲೆ ಕೇಳಲಿಲ್ಲ. ಪರ್ಸ್ ತೆಗೆದ.